ಗಾಲ್ಫ್ ಬ್ಯಾಗಿನಲ್ಲಿ ನಾಲ್ಕು ಜಾಗ ಖಾಲಿ ಇದೆ, ಯಾವ ಕ್ಲಬ್ ತಗೊಳ್ಳಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಎರಡು ವರ್ಷದಿಂದ ಆಡುತ್ತಿದ್ದೀರಿ, ಹ್ಯಾಂಡಿಕ್ಯಾಪ್ 20ರ ಆಸುಪಾಸು, ಅಂದರೆ ಒಂದು ಸುತ್ತಿಗೆ ನಿಗದಿಯಾದ ಹೊಡೆತಗಳಿಗಿಂತ (ಪಾರ್) ಸುಮಾರು 20 ಜಾಸ್ತಿ. ಬ್ಯಾಗಿನಲ್ಲಿ ಡ್ರೈವರ್, 3 ವುಡ್, 5ರಿಂದ 9ರವರೆಗೆ ಐರನ್‌ಗಳು, ಪಿಚಿಂಗ್ ವೆಡ್ಜ್, 56 ಡಿಗ್ರಿ ಸ್ಯಾಂಡ್ ವೆಡ್ಜ್, ಪಟರ್. ಒಟ್ಟು 10. ನಿಯಮದ ಪ್ರಕಾರ 14 ಇಟ್ಟುಕೊಳ್ಳಬಹುದು. ಹಾಗಾಗಿ 3 ಹೈಬ್ರಿಡ್ (ವುಡ್, ಐರನ್ ಎರಡರ ಬೆರಕೆ), 5 ವುಡ್, 52 ಮತ್ತು 60 ಡಿಗ್ರಿ ವೆಡ್ಜ್ ತಗೊಂಡು ಒಂದೇ ಸಲ ಜಾಗ ತುಂಬಿಸಿಬಿಡಲಾ ಅಂತ ಕೇಳಿದ್ದೀರಿ.

ಸ್ವಲ್ಪ ತಡೆಯಿರಿ. ನಾನೂ ಇದನ್ನೇ ಮಾಡಿ ಕೈ ಸುಟ್ಟುಕೊಂಡವನು. ಆಗ ನನ್ನ ಬ್ಯಾಗೂ ಹೆಚ್ಚುಕಡಿಮೆ ನಿಮ್ಮದೇ ಥರ ಇತ್ತು. ಮೊದಲು ತಗೊಂಡಿದ್ದು 60 ಡಿಗ್ರಿ ವೆಡ್ಜ್, ಟಿವಿಯಲ್ಲಿ ಆಡುವವರ ಹತ್ತಿರ ಇರುತ್ತಲ್ಲ ಅಂತ. ಆಮೇಲೆ ಪರಿಚಯದವರೊಬ್ಬರಿಂದ ಹಳೇ 3 ಹೈಬ್ರಿಡ್. ಒಂದು ವರ್ಷ ಎರಡನ್ನೂ ಹೆಗಲ ಮೇಲೆ ಹೊತ್ತುಕೊಂಡು ಓಡಾಡಿದೆ. ಸ್ಕೋರ್ ಮಾತ್ರ ಅಲ್ಲೇ ನಿಂತಿತ್ತು.

ನನ್ನ ನಿಜವಾದ ತೊಂದರೆ ಎಲ್ಲಿದೆ ಅಂತ ಗೊತ್ತಾಗಿದ್ದು ಒಂದು ಪಾರ್ 4 ಹೋಲಿನಲ್ಲಿ, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದದ್ದು. ಎರಡನೇ ಹೊಡೆತಕ್ಕೆ ಫೇರ್‌ವೇ ಮಧ್ಯೆ ನಿಂತಿದ್ದೇನೆ, ಪಿನ್‌ಗೆ 92 ಯಾರ್ಡ್. ಮುಂದೆ ಬಂಕರ್, ಅಂದರೆ ಮರಳುಗುಂಡಿ. ಗಾಳಿಯಿಲ್ಲ, ಚೆಂಡು ಸಮತಟ್ಟು ಹುಲ್ಲಿನ ಮೇಲೆ ಕೂತಿದೆ. ಇದಕ್ಕಿಂತ ಒಳ್ಳೆ ಜಾಗ ಬೇಕಾ? ಆದರೆ ಕೈಗೆ ಯಾವ ಕ್ಲಬ್ಬೂ ಬರಲಿಲ್ಲ. ಪಿಚಿಂಗ್ ವೆಡ್ಜ್ ಪೂರ್ತಿ ಹೊಡೆದರೆ 108 ಹೋಗುತ್ತೆ, ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲು) ದಾಟಿ ಹಿಂದಿನ ಇಳಿಜಾರಿಗೆ. 56 ಡಿಗ್ರಿ ಜೋರಾಗಿ ಹೊಡೆದರೂ 75ಕ್ಕೆ ಮುಗಿಯಿತು, ಬಂಕರ್. ಪಿಚಿಂಗ್ ವೆಡ್ಜನ್ನೇ ಮುಕ್ಕಾಲು ಬೀಸೋಣ ಅಂತ ಹೊರಟೆ. ಇಳಿಯುವಾಗ ಕೈ ಅನುಮಾನಪಟ್ಟು ನಿಧಾನವಾಯಿತು. ಕ್ಲಬ್ ಚೆಂಡಿಗಿಂತ ನಾಲ್ಕು ಬೆರಳು ಹಿಂದೆ ನೆಲಕ್ಕೆ ತಾಗಿ, ಹುಲ್ಲಿನ ಹೆಂಟೆ ಚೆಂಡಿಗಿಂತ ದೂರ ಹೋಯಿತು. ಆ ಹೋಲಿನಲ್ಲಿ 7 ಬರೆದುಕೊಂಡೆ. ಹಳೇ ಸ್ಕೋರ್ ಕಾರ್ಡ್‌ಗಳನ್ನು ತೆಗೆದು ನೆನಪಿಸಿಕೊಂಡರೆ ಇಂಥದ್ದು ಪ್ರತಿ ಸುತ್ತಿನಲ್ಲೂ ಎರಡು ಮೂರು ಸಲ ಆಗಿತ್ತು. 60 ಡಿಗ್ರಿ ಇಲ್ಲದೆ ಕೆಟ್ಟ ಹೋಲ್ ಒಂದೂ ನೆನಪಾಗಲಿಲ್ಲ.

108ಕ್ಕೂ 75ಕ್ಕೂ ನಡುವಿನ ಈ ತೂತು ಬಂದಿದ್ದು ಹೇಗೆ ಅಂತ ತಿಳಿದುಕೊಂಡರೆ ಏನು ತಗೋಬೇಕು ಅನ್ನೋದು ಅರ್ಧ ಬಗೆಹರಿಯುತ್ತೆ. ಕ್ಲಬ್ಬಿನ ಮುಖ ಎಷ್ಟು ಹಿಂದಕ್ಕೆ ವಾಲಿದೆ ಅನ್ನೋದು ಲಾಫ್ಟ್; ಅದು ಹೆಚ್ಚಾದಷ್ಟೂ ಚೆಂಡು ಎತ್ತರ ಹೋಗುತ್ತೆ, ದೂರ ಕಡಿಮೆ. ಕ್ಲಬ್ಬಿನ ತಳದಲ್ಲಿ ಕೆತ್ತಿರುವ 5, 6, 7 ಅನ್ನೋ ಅಂಕಿಗೆ ಇಷ್ಟೇ ಲಾಫ್ಟ್ ಇರಬೇಕು ಅಂತ ಯಾವ ನಿಯಮವೂ ಇಲ್ಲ. ಹಿಂದೆ 7 ಐರನ್ ಅಂದರೆ ಸುಮಾರು 35 ಡಿಗ್ರಿ, ಪಿಚಿಂಗ್ ವೆಡ್ಜ್ ಸುಮಾರು 48. ಈಗ ನಮ್ಮಂಥವರಿಗೆ ಅಂತ ಮಾಡುವ ಸೆಟ್‌ಗಳಲ್ಲಿ 7 ಐರನ್ 28ರಿಂದ 30, ಪಿಚಿಂಗ್ ವೆಡ್ಜ್ 43, 44. ತೂಕವನ್ನು ಕೆಳಗೆ, ಹಿಂದಕ್ಕೆ ಸರಿಸಿರೋದರಿಂದ ಚೆಂಡು ಹೇಗೂ ಮೇಲೇಳುತ್ತೆ. ಹಾಗಾಗಿ ಲಾಫ್ಟ್ ಇಳಿಸಿ ದೂರ ಹೆಚ್ಚಿಸಿದ್ದಾರೆ. 'ನನ್ನ 7 ಐರನ್ ನಿನ್ನ 6ಕ್ಕಿಂತ ದೂರ ಹೋಗುತ್ತೆ' ಅಂತ ಹೇಳಿಕೊಳ್ಳೋಕೆ ಚೆನ್ನಾಗಿದೆ ಅಷ್ಟೇ. ಆದರೆ ಸ್ಯಾಂಡ್ ವೆಡ್ಜ್ ಬಂಕರಿನ ಕೆಲಸಕ್ಕೆ ಇರೋದು, ಅದು 54, 56ರಲ್ಲೇ ನಿಂತಿದೆ. ಹಿಂದೆ ಪಿಚಿಂಗ್ ವೆಡ್ಜಿಗೂ ಇದಕ್ಕೂ ನಡುವೆ 8 ಡಿಗ್ರಿ ಇತ್ತು, ಈಗ 12. ಐರನ್‌ಗಳ ನಡುವೆ ಸಾಮಾನ್ಯವಾಗಿ 4 ಡಿಗ್ರಿ ಅಂತರ. ಅಂದರೆ ನಡುವೆ ಎರಡು ಕ್ಲಬ್ ಹಿಡಿಯುವಷ್ಟು ಜಾಗ ಬಿಟ್ಟು ನಮಗೆ ಸೆಟ್ ಮಾರುತ್ತಾರೆ.

ನಿಮ್ಮ ಸೆಟ್ ಯಾವುದು ಅಂತ ನೀವು ಬರೆದಿಲ್ಲ. ತಯಾರಕರ ಪಟ್ಟಿಯಲ್ಲಿ ಪಿಚಿಂಗ್ ವೆಡ್ಜಿನ ಲಾಫ್ಟ್ ನೋಡಿಕೊಳ್ಳಿ. ಆಗುವುದಾದರೆ ಕ್ಲಬ್ ರಿಪೇರಿ ಮಾಡುವವರ ಹತ್ತಿರ ಅಳೆಸಿ, ಯಾಕೆಂದರೆ ಪಟ್ಟಿಗೂ ಕೈಯಲ್ಲಿರೋದಕ್ಕೂ ಒಂದು ಡಿಗ್ರಿ ಆಚೀಚೆ ಇರೋದು ಮಾಮೂಲಿ. ನನ್ನದರಲ್ಲಿ ಪಿಚಿಂಗ್ ವೆಡ್ಜ್ 43, ಸ್ಯಾಂಡ್ ವೆಡ್ಜ್ 57 ಬಂತು. ಎರಡೂ ಬೇರೆ ಬೇರೆ ದಿಕ್ಕಿಗೆ ತಪ್ಪಿದ್ದವು. 12 ಅಂದುಕೊಂಡಿದ್ದು 14 ಆಗಿತ್ತು!

ಇನ್ನು ಅಳತೆ. ಒಂದು ಕ್ಲಬ್ ತಗೊಳ್ಳೋಕೂ ಮುಂಚೆ ಇದನ್ನು ಮಾಡಲೇಬೇಕು. ಅಳತೆ ಕೊಡದೆ ಅಂಗಿ ಹೊಲಿಸೋಕೆ ಆಗುತ್ತಾ? ಲಾಂಚ್ ಮಾನಿಟರ್ (ಹೊಡೆತದ ದೂರ ಅಳೆಯುವ ಯಂತ್ರ) ಇರುವ ಕಡೆ ಹೋಗಿ, ಪ್ರತಿ ಕ್ಲಬ್ಬಿನಲ್ಲಿ ಹತ್ತು ಚೆಂಡು ಹೊಡೆಯಿರಿ. ಕ್ಯಾರಿ ಮಾತ್ರ ಬರೆದುಕೊಳ್ಳಿ, ಅಂದರೆ ಚೆಂಡು ಗಾಳಿಯಲ್ಲಿ ಹೋಗಿ ಮೊದಲು ನೆಲಕ್ಕೆ ಬಿದ್ದ ದೂರ. ಉರುಳಿದ್ದು ಲೆಕ್ಕಕ್ಕಿಲ್ಲ, ಬಂಕರ್ ದಾಟಿಸೋದು ಕ್ಯಾರಿಯೇ. ಸಾಧ್ಯವಾದರೆ ನೀವು ಆಡುವ ಚೆಂಡನ್ನೇ ತಗೊಂಡು ಹೋಗಿ, ರೇಂಜಿನ ಸವೆದ ಚೆಂಡುಗಳು ಸಾಮಾನ್ಯವಾಗಿ ಕಡಿಮೆ ದೂರ ಹೋಗುತ್ತವೆ. ಎಲ್ಲಾ ಕ್ಲಬ್ ಒಂದೇ ದಿನ ಬೇಡ. ಎಪ್ಪತ್ತು ಚೆಂಡಾದ ಮೇಲೆ ನೀವು ಅಳೆಯೋದು ನಿಮ್ಮ ಸುಸ್ತನ್ನು.

ನನ್ನ ಪುಸ್ತಕದಲ್ಲಿ 7 ಐರನ್ನಿನ ಸಾಲು ಹೀಗಿದೆ: 144, 139, 146, 112, 141, 143, 137, 145, 158, 140. ಅಲ್ಲಿವರೆಗೂ ಯಾರಾದರೂ ಕೇಳಿದರೆ 'ನನ್ನ 7 ಐರನ್ 155' ಅಂತ ಹೇಳುತ್ತಿದ್ದೆ. ಆ 158 ಬರೋದು ಹತ್ತಕ್ಕೆ ಒಂದು ಸಲ. ಅದನ್ನೂ ಆ 112ನ್ನೂ ಹೊಡೆದು ಹಾಕಿ ಉಳಿದ ಎಂಟರ ಸರಾಸರಿ ತೆಗೆದರೆ 142. ನಮ್ಮಂಥವರ ಚೆಂಡು ಗ್ರೀನ್ ಮುಟ್ಟದೆ ಮುಂದೆಯೇ ಬೀಳೋಕೆ ದೊಡ್ಡ ಕಾರಣ ಈ ಸುಳ್ಳು ಲೆಕ್ಕವೇ ಅಂತ ನನ್ನ ಅನುಮಾನ.

ಪೂರ್ತಿ ಪಟ್ಟಿ ಹೀಗಿತ್ತು: 3 ವುಡ್ 182, 5 ಐರನ್ 154, 6 ಐರನ್ 151, 7 ಐರನ್ 142, 8 ಐರನ್ 131, 9 ಐರನ್ 120, ಪಿಚಿಂಗ್ ವೆಡ್ಜ್ 108, ಸ್ಯಾಂಡ್ ವೆಡ್ಜ್ 75. ಒಮ್ಮೆ ಕಣ್ಣಾಡಿಸಿ. ಕೆಳಗಿನ 33 ಯಾರ್ಡ್ ತೂತು ಗೊತ್ತಿದ್ದದ್ದೇ. ಮೇಲೆ ಇನ್ನೊಂದು ವಿಷಯ ಕಾಣುತ್ತೆ ನೋಡಿ: 5 ಐರನ್‌ಗೂ 6 ಐರನ್‌ಗೂ ಬರೀ 3 ಯಾರ್ಡ್ ವ್ಯತ್ಯಾಸ. ಲಾಫ್ಟ್ ಕಡಿಮೆ ಇರುವ ಕ್ಲಬ್ಬಿನಲ್ಲಿ ಚೆಂಡು ಗಾಳಿಯಲ್ಲಿ ನಿಲ್ಲಬೇಕಾದರೆ ವೇಗ ಬೇಕು. ನನ್ನ ಬೀಸಿಗೆ ಆ ವೇಗ ಇಲ್ಲ. ಚೆಂಡು ತಗ್ಗಿನಲ್ಲೇ ಹೋಗಿ ಬೇಗ ಬಿದ್ದುಬಿಡುತ್ತೆ. ಅಂದರೆ ನನ್ನ 5 ಐರನ್ ಹೆಸರಿಗಷ್ಟೇ ಇತ್ತು. ನಿಮ್ಮದೂ ಹಾಗೇ ಇದ್ದರೆ ಆಶ್ಚರ್ಯವಿಲ್ಲ. ಹಾಗಿದ್ದರೆ ಮೇಲ್ಭಾಗದಲ್ಲಿ ಹೊಸದನ್ನು ಸೇರಿಸೋದರ ಜೊತೆಗೆ ಇರೋದೊಂದನ್ನು ತೆಗೆಯಬೇಕಾಗುತ್ತೆ.

ಈಗ ನೀವು ಕೇಳಿದ ಕ್ಲಬ್‌ಗಳಿಗೆ ಬರೋಣ.

ಮೊದಲು ವೆಡ್ಜ್. ನಿಮ್ಮ ಪಿಚಿಂಗ್ ವೆಡ್ಜ್ 44 ಆಗಿದ್ದರೆ 52 ಬೇಡ, 50 ತಗೊಳ್ಳಿ. ಆ ಕಡೆ 6, ಈ ಕಡೆ 6. 52 ತಗೊಂಡರೆ ತೂತು ಪಿಚಿಂಗ್ ವೆಡ್ಜಿನ ಪಕ್ಕಕ್ಕೆ ಸರಿಯುತ್ತೆ ಅಷ್ಟೇ, ಮುಚ್ಚಲ್ಲ. 48, 52 ಎರಡೂ ತಗೊಳ್ಳುವವರೂ ಇದ್ದಾರೆ, ತಪ್ಪೇನಿಲ್ಲ. ಆದರೆ ನಾನು ಒಂದೇ ತಗೊಂಡೆ. 50 ಡಿಗ್ರಿ 92 ಯಾರ್ಡ್ ಹೋಗುತ್ತೆ, ಪಿಚಿಂಗ್ ವೆಡ್ಜನ್ನು ಒಂದಿಂಚು ಕೆಳಗೆ ಹಿಡಿದರೆ ನನಗೆ ಸುಮಾರು 103. ಉಳಿದ ಸಣ್ಣ ಸಂದಿಗೆ ಇಷ್ಟು ಸಾಕು. ಇನ್ನೊಂದು ಮಾತು: ಇದನ್ನು ನಿಮ್ಮ ಐರನ್ ಸೆಟ್ಟಿನ ಜೊತೆಯ ಗ್ಯಾಪ್ ವೆಡ್ಜ್ (ಪಿಚಿಂಗ್, ಸ್ಯಾಂಡ್ ವೆಡ್ಜ್‌ಗಳ ನಡುವಿನದು) ಆಗಿಯೇ ತಗೊಳ್ಳಿ, ಸಿಗುವುದಾದರೆ. ಈ ಕ್ಲಬ್ಬಿನಲ್ಲಿ ನೀವು ಹೊಡೆಯೋದು ಹೆಚ್ಚಾಗಿ ಪೂರ್ತಿ ಬೀಸು. ಶಾಫ್ಟಿನ (ಕ್ಲಬ್ಬಿನ ಕೋಲು) ತೂಕ, ತಳದ ಅಗಲ ಪಿಚಿಂಗ್ ವೆಡ್ಜ್ ಥರವೇ ಇದ್ದರೆ ಕೈಗೆ ಹೊಸದು ಅನ್ನಿಸಲ್ಲ. ಸೆಟ್ಟಿನ ಜೊತೆ ಬರೋದು 49 ಅಥವಾ 51 ಇದ್ದರೂ ಪರವಾಗಿಲ್ಲ.

60 ಡಿಗ್ರಿ ಬೇಡವೇ ಬೇಡ. ಅದು ಚೆಂಡಿನ ಅಡಿಯಲ್ಲಿ ಜಾರಿ ಹೋದರೆ ಚೆಂಡು ಕಾಲ ಬುಡದಲ್ಲೇ ಬೀಳುತ್ತೆ. ಅಂಚು ತಾಗಿದರೆ ಗ್ರೀನಿನ ಆಚೆ ಹಾರುತ್ತೆ. ದಿನಾ ಅಭ್ಯಾಸ ಮಾಡುವವರಿಗೆ ಅದು ಅಸ್ತ್ರ, ವಾರಕ್ಕೊಮ್ಮೆ ಆಡುವ ನಮಗೆ ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ನಿಮ್ಮ 56ರ ಮುಖ ಸ್ವಲ್ಪ ತೆರೆದು ಹಿಡಿದರೆ ಎತ್ತರ ಸಿಗುತ್ತೆ.

ಮೇಲ್ಭಾಗದಲ್ಲಿ 3 ಹೈಬ್ರಿಡ್ಡೂ 5 ವುಡ್ಡೂ ಎರಡೂ ಬೇಡ. 5 ವುಡ್ ಸುಮಾರು 18 ಡಿಗ್ರಿ, 3 ಹೈಬ್ರಿಡ್ 19ರ ಹತ್ತಿರ. ಎರಡೂ ಹೆಚ್ಚುಕಡಿಮೆ ಒಂದೇ ಕಡೆ ಬೀಳುತ್ತವೆ. ನಾನು ಆರಿಸಿದ್ದು 7 ವುಡ್, 21 ಡಿಗ್ರಿ. ಹೆಸರು ಕೇಳಿ ಜೊತೆಯವರು ನಕ್ಕರು. ನಗಲಿ. ಚೆಂಡು ಎತ್ತರ ಹೋಗಿ ಮೇಲಿಂದ ಇಳಿಯುತ್ತೆ, ಗ್ರೀನಿನ ಮೇಲೆ ನಿಲ್ಲುತ್ತೆ. ನನಗೆ 170 ಯಾರ್ಡ್ ಬರುತ್ತೆ. 5 ಐರನ್ ತೆಗೆದು ಆ ಜಾಗಕ್ಕೆ 5 ಹೈಬ್ರಿಡ್ ಹಾಕಿದೆ, ಅದು 160. ಈಗ 151, 160, 170, 182. ಮೆಟ್ಟಿಲು ಸರಿಯಾಯಿತು. ನಿಮಗೆ ಮೆಟ್ಟಿಲು ಇಷ್ಟು ಹತ್ತಿರ ಹತ್ತಿರ ಬೇಕು ಅಂತೇನಿಲ್ಲ. ಅಷ್ಟು ದೂರದಿಂದ ನಮ್ಮ ಚೆಂಡು ಹೇಗೂ ಹತ್ತು ಹದಿನೈದು ಯಾರ್ಡ್ ಹಿಂದೆ ಮುಂದೆ ಬೀಳುತ್ತೆ. ಮೇಲೆ 15, 20 ಯಾರ್ಡ್ ಅಂತರ ಇದ್ದರೂ ಆಟ ಕೆಡಲ್ಲ, ಕೆಳಗೆ ಕೆಡುತ್ತೆ.

ಉದ್ದ ಹುಲ್ಲಿನಿಂದ ಜಾಸ್ತಿ ಹೊಡೆಯುವವರಾದರೆ ಹೈಬ್ರಿಡ್ ಕಡೆ ವಾಲಿ, ಅದರ ಚಿಕ್ಕ ತಲೆ ಹುಲ್ಲು ಸೀಳಿಕೊಂಡು ಬರುತ್ತೆ. ಆದರೆ ನೀವು ಬಲಗೈಯವರಾಗಿ ಚೆಂಡು ಮೊದಲೇ ಎಡಕ್ಕೆ ಎಳೆಯುತ್ತಿದ್ದರೆ ಕೆಲವು ಹೈಬ್ರಿಡ್‌ಗಳು ಇನ್ನೂ ಎಡಕ್ಕೆ ಒಯ್ಯುತ್ತವೆ. ಹೊಡೆದು ನೋಡದೆ ತಗೋಬೇಡಿ. ಶಾಫ್ಟನ್ನೂ ನೋಡಿ. ನಾನು ತಗೊಂಡಿದ್ದ ಆ ಹಳೇ ಹೈಬ್ರಿಡ್ಡಿನ ಶಾಫ್ಟ್ ಬಿದಿರುಗಳದಷ್ಟು ಗಟ್ಟಿ. ಎಷ್ಟು ಹೊಡೆದರೂ ಚೆಂಡು ತಗ್ಗಿನಲ್ಲಿ ಬಲಕ್ಕೇ ಹೋಗುತ್ತಿತ್ತು. ತಪ್ಪು ನನ್ನ ಬೀಸಿನದು ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ.

14ರ ವಿಷಯ. ಅದು ಮಿತಿ, ಗುರಿಯಲ್ಲ. ಕಡಿಮೆ ಇದ್ದರೆ ಯಾರೂ ಕೇಳಲ್ಲ, ಜಾಸ್ತಿ ಇದ್ದರೆ ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತ ಎಣಿಸುವ ಆಟ) ಪ್ರತಿ ಹೋಲಿಗೆ 2, ಒಂದು ಸುತ್ತಿಗೆ ಗರಿಷ್ಠ 4 ಪೆನಾಲ್ಟಿ. 2001ರ ಓಪನ್ ಚಾಂಪಿಯನ್‌ಶಿಪ್‌ನಲ್ಲಿ ವೃತ್ತಿಪರ ಆಟಗಾರ ಇಯಾನ್ ವೂಸ್ನಮ್‌ಗೆ ಆಗಿದ್ದು ಇದೇ. ರಾಯಲ್ ಲಿದಮ್‌ನಲ್ಲಿ ಕೊನೆಯ ಸುತ್ತು, ಮೊದಲ ಹೋಲ್ ಪಾರ್ 3. ಟೀಯಿಂದ (ಹೋಲ್ ಶುರುವಾಗುವ ಜಾಗ) ಹೊಡೆದ ಚೆಂಡು ಗುಳಿಯ ಪಕ್ಕದಲ್ಲೇ ನಿಂತು ಬರ್ಡಿ, ಅಂದರೆ ಪಾರ್‌ಗಿಂತ ಒಂದು ಹೊಡೆತ ಕಡಿಮೆ. ಎರಡನೇ ಟೀಗೆ ಬಂದಾಗ ಬ್ಯಾಗ್ ಹೊರುವ ಕ್ಯಾಡಿ ಹೇಳಿದ, ಬ್ಯಾಗಿನಲ್ಲಿ ಎರಡು ಡ್ರೈವರ್ ಇವೆ ಅಂತ. ಒಟ್ಟು 15. ಎರಡು ಹೊಡೆತ ದಂಡ. ಕೊನೆಗೆ ಮೂರನೇ ಸ್ಥಾನ ಹಂಚಿಕೊಂಡರು. ಅಂಗಡಿಯಿಂದ ಟ್ರಯಲ್‌ಗೆ ಅಂತ ಕ್ಲಬ್ ತಂದರೆ ಪಂದ್ಯದ ಮುಂಚೆ ಒಮ್ಮೆ ಎಣಿಸಿಬಿಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ತಿಂಗಳು 50 ಡಿಗ್ರಿ ಒಂದೇ ತಗೊಂಡು ಐದಾರು ಸುತ್ತು ಆಡುತ್ತಿದ್ದೆ. ಪ್ರತಿ ಸುತ್ತಿನಲ್ಲೂ ಯಾವ ದೂರದಲ್ಲಿ ನಿಂತಾಗ ಕೈ ಬ್ಯಾಗಿನ ಮೇಲೆ ತಡವರಿಸಿತು ಅಂತ ಸ್ಕೋರ್ ಕಾರ್ಡಿನ ಮೂಲೆಯಲ್ಲಿ ಬರೆದುಕೊಳ್ಳುತ್ತಿದ್ದೆ. 165, 170ರ ಆಸುಪಾಸಿನ ಅಂಕಿ ಮತ್ತೆ ಮತ್ತೆ ಬಂದರೆ ಆಗ 7 ವುಡ್. ಬರದಿದ್ದರೆ ದುಡ್ಡು ಉಳಿಯಿತು. ನನ್ನ ಬ್ಯಾಗಿನಲ್ಲಿ ಈಗ 12 ಕ್ಲಬ್ ಇವೆ, 60 ಡಿಗ್ರಿ ಇದ್ದ ಖಾನೆಯಲ್ಲಿ ಕೊಡೆ ಇಟ್ಟಿದ್ದೇನೆ.

ನಿಮ್ಮ ಪಿಚಿಂಗ್ ವೆಡ್ಜ್ ಮತ್ತು 5, 6 ಐರನ್ ಎಷ್ಟೆಷ್ಟು ಕ್ಯಾರಿ ಬರುತ್ತವೆ ಅಂತ ಅಳೆದ ಮೇಲೆ ಇಲ್ಲೇ ಬರೆಯಿರಿ, ನೋಡೋಣ.