ರೂಟರ್ ಟೇಬಲ್‌ನ ಫೆನ್ಸ್ ಸಮಾನಾಂತರವಾಗಿದ್ದರೂ ಗ್ರೂವ್ ಯಾಕೆ ಓರೆಯಾಗುತ್ತದೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಮರಗೆಲಸದ ಬೆಂಚಿನ ಮೇಲೆ ಕ್ಲ್ಯಾಂಪ್ ಹಾಕಿ ಕೂರಿಸುವಂಥ ಒಂದು ರೂಟರ್ ಟೇಬಲ್ (ಕೊರೆಯುವ ಬಿಟ್ ಮೇಲಕ್ಕೆ ಚಾಚುವಂತೆ ರೂಟರ್ ಯಂತ್ರವನ್ನು ಅಡಿಗೆ ತೂಗಿಸಿದ ಟೇಬಲ್) ಮಾಡಿಕೊಂಡಿದ್ದೀರಿ. ಹಲಗೆ ಒರಗಿ ಸರಿಯುವ ಗೋಡೆ, ಅಂದರೆ ಫೆನ್ಸ್, 18 ಮಿ.ಮೀ. ಪ್ಲೈವುಡ್‌ನದು. ಪ್ರತಿ ಸಲವೂ ಟೇಬಲ್ಲಿನ ಹಿಂದಿನ ಅಂಚಿನಿಂದ ಎರಡೂ ತುದಿಗಳನ್ನು ಅಳೆದು, ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ಫೆನ್ಸನ್ನು ಸಮಾನಾಂತರ ಮಾಡುತ್ತೀರಿ. ಆದರೂ ಡ್ರಾಯರಿನ ಪಕ್ಕದ ಹಲಗೆಗೆ ಗ್ರೂವ್ (ತಳ ಕೂರುವ ಉದ್ದನೆಯ ತೋಡು) ಹೊಡೆದರೆ, ಅದು ಒಂದು ತುದಿಯಲ್ಲಿ ಅಂಚಿನಿಂದ 10 ಮಿ.ಮೀ. ದೂರ, ಇನ್ನೊಂದು ತುದಿಯಲ್ಲಿ 10.6. ಫೆನ್ಸನ್ನು ನಿಖರ ಅಳತೆಗೆ ಸರಿಸಿ ನಿಲ್ಲಿಸುವ, ಇಂಕ್ರಾದಂಥ ದುಬಾರಿ ಪೊಸಿಷನರ್ ತರಿಸಿಕೊಂಡರೆ ಈ ತೊಂದರೆ ಹೋಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ.

ಹೋಗುವುದಿಲ್ಲ. ನೀವು ಅರ್ಧ ಗಂಟೆ ಕೂತು ಅಳೆಯುತ್ತಿರುವ ಸಮಾನಾಂತರಕ್ಕೂ ಈ 0.6ಕ್ಕೂ ಸಂಬಂಧವೇ ಇಲ್ಲ.

ಟೇಬಲ್ ಸಾ (ಗರಗಸದ ಚಕ್ರ ಮೇಲಕ್ಕೆ ಚಾಚಿದ ಟೇಬಲ್) ಮೇಲೆ ಕೆಲಸ ಮಾಡಿದವರಿಗೆಲ್ಲ ಈ ಅಭ್ಯಾಸ ಅಂಟಿಕೊಂಡಿರುತ್ತದೆ. ಅಲ್ಲಿ ಬ್ಲೇಡಿಗೆ ಮುಂದು ಹಿಂದು ಎಂದಿದೆ. ಫೆನ್ಸ್ ಹಿಂದುಗಡೆ ಬ್ಲೇಡಿನತ್ತ ಸ್ವಲ್ಪ ವಾಲಿದರೂ ಹಲಗೆ ಸಿಕ್ಕಿಹಾಕಿಕೊಳ್ಳುತ್ತದೆ, ಸುಟ್ಟು ಕಪ್ಪಾಗುತ್ತದೆ, ಕೆಟ್ಟ ಗಳಿಗೆಯಾದರೆ ಹೊಟ್ಟೆಗೆ ಬಂದು ಬಡಿಯುತ್ತದೆ. ರೂಟರ್ ಬಿಟ್ ಹಾಗಲ್ಲ, ಅದು ನೆಲದಲ್ಲಿ ನೆಟ್ಟ ಗೂಟ. ಗೂಟಕ್ಕೆ ದಿಕ್ಕಿಲ್ಲ. ಗೂಟದ ಪಕ್ಕ ಒಂದು ನೇರ ಗೋಡೆ ಕಟ್ಟಿದರೆ, ಗೋಡೆ ಯಾವ ದಿಕ್ಕಿಗೆ ಮುಖ ಮಾಡಿದ್ದರೂ ಗೂಟಕ್ಕೂ ಗೋಡೆಗೂ ನಡುವಿನ ದೂರ ಒಂದೇ. ಹಲಗೆ ಆ ಗೋಡೆಯನ್ನು ಬಿಡದೆ ಸರಿದು ಹೋದರೆ ಗ್ರೂವ್ ಅಂಚಿಗೆ ಸಮಾನಾಂತರವಾಗಿಯೇ ಬರಬೇಕು. ಫೆನ್ಸನ್ನು ಟೇಬಲ್ ಮೇಲೆ ಬೇಕೆಂದೇ ಓರೆಯಾಗಿ ಕೂರಿಸಿ ಒಂದು ಚೂರು ಮರ ಓಡಿಸಿ ನೋಡಿ, ನಂಬಿಕೆ ಬರುತ್ತದೆ.

ಹಾಗಾಗಿ ಮೊದಲು ತಪ್ಪಿನ ಜಾತಿ ಗುರುತಿಸಬೇಕು. ಎಲ್ಲ ಹಲಗೆಗಳಲ್ಲೂ ಗ್ರೂವ್ ಒಂದೇ ಪ್ರಮಾಣದಲ್ಲಿ ಆಚೀಚೆ ಆಗಿದ್ದರೆ ಅದು ಫೆನ್ಸ್ ಇಟ್ಟ ಜಾಗದ ತಪ್ಪು. ಮೊದಲ ಹಲಗೆ ಸರಿಯಿದ್ದು ಹತ್ತನೆಯದು ಬೇರೆಯಾಗಿದ್ದರೆ ಕೆಲಸದ ನಡುವೆ ಫೆನ್ಸ್ ಜರುಗಿದೆ. ಒಂದೇ ಹಲಗೆಯ ಎರಡು ತುದಿಗಳು ಬೇರೆಯಾಗಿದ್ದರೆ ಹಲಗೆ ಫೆನ್ಸನ್ನು ಎಲ್ಲೋ ಬಿಟ್ಟಿದೆ, ಇಲ್ಲವೇ ಫೆನ್ಸಿನ ಮುಖವೋ ಹಲಗೆಯ ಅಂಚೋ ನೇರವಾಗಿಲ್ಲ. ನಿಮ್ಮದು ಈ ಮೂರನೆಯ ಜಾತಿ.

ನಾನು ಪೀಣ್ಯದ ಒಂದು ಮಷಿನ್ ಶಾಪಿನಲ್ಲಿ ಹಲವು ವರ್ಷ ದುಡಿದವನು. ಮರಗೆಲಸ ಸಂಜೆಯ ಹುಚ್ಚು. ಕಬ್ಬಿಣದ ಅಹಂಕಾರ ಮರದ ಮುಂದೆ ಇಳಿದದ್ದು ಇದೇ ತಪ್ಪಿನಿಂದ. ಹಲಸಿನ ಮರದಲ್ಲಿ ಆರು ಡ್ರಾಯರ್ ಮಾಡುತ್ತಿದ್ದೆ. ಡಯಲ್ ಗೇಜ್ ಇಟ್ಟು ಫೆನ್ಸ್ ಕೂರಿಸಿದ್ದೆ, ಅಂದರೆ ಮಿಲಿಮೀಟರಿನ ನೂರನೆಯ ಒಂದು ಭಾಗದ ಲೆಕ್ಕ. ಆದರೂ ನಾಲ್ಕನೆಯ ಹಲಗೆಯಿಂದ ಗ್ರೂವ್ ಓರೆಯಾಗತೊಡಗಿತು. ಎಲ್ಲವನ್ನೂ ಬಿಚ್ಚಿ ಮತ್ತೆ ಅಳೆದೆ, ಎಲ್ಲವೂ ಸರಿ. ಪಕ್ಕದ ಬೀದಿಯ ಆಚಾರಿಯವರು ಚಹಾ ಕುಡಿಯಲು ಬಂದವರು ಡಯಲ್ ಕಡೆ ಕಣ್ಣೂ ಹಾಯಿಸಲಿಲ್ಲ. ಬಗ್ಗಿ, ಫೆನ್ಸ್ ಟೇಬಲ್ಲಿಗೆ ತಾಗುವ ಮೂಲೆಗೆ ಕಿರುಬೆರಳಿನ ಉಗುರು ಹಾಕಿ ಉದ್ದಕ್ಕೆ ಎಳೆದರು. ಉಗುರಿನ ಮುಂದೆ ಹಳದಿ ಪುಡಿ ಬತ್ತಿಯ ಹಾಗೆ ಸುರುಳಿಯಾಗಿ ಬಂತು. ಹಲಸಿನ ಹೊಟ್ಟು ಆ ಮೂಲೆಯಲ್ಲಿ ಒತ್ತಿ ಒತ್ತಿ ಗಟ್ಟಿಯಾಗಿತ್ತು. ಹಲಗೆ ಫೆನ್ಸಿನ ಬದಲು ಅದಕ್ಕೆ ಒರಗಿ ಹೋಗುತ್ತಿತ್ತು. ಅವರು ಒಂದು ಮಾತೂ ಆಡದೆ ಚಹಾ ಮುಗಿಸಿ ಹೋದರು.

ಆದ್ದರಿಂದ ಮೊದಲ ಕೆಲಸ: ಫೆನ್ಸ್ ಮುಖದ ಕೆಳ ಅಂಚನ್ನು ಉದ್ದಕ್ಕೂ ಮೂರು ಮಿಲಿಮೀಟರಿನಷ್ಟು ಓರೆಯಾಗಿ ತೋಪಡದಿಂದ ಹೆರೆದುಬಿಡಿ. ಹೊಟ್ಟಿಗೆ ಅಡಗಲು ಜಾಗ ಸಿಗುತ್ತದೆ, ಹಲಗೆಯ ಅಂಚು ಮುಖಕ್ಕೆ ತಾಗುತ್ತದೆ. ಪ್ರತಿ ಹಲಗೆಯ ನಂತರ ಒಂದು ಹಳೆಯ ಪೇಂಟ್ ಬ್ರಷ್‌ನಿಂದ ಗುಡಿಸಿ. ವ್ಯಾಕ್ಯೂಮ್ ಇದ್ದರೆ ಫೆನ್ಸಿನ ಹಿಂದೆ ಬಿಟ್‌ನ ನೇರಕ್ಕೆ ಕೊಳವೆ ಕೊಡಿ. ಆದರೂ ಗ್ರೂವ್ ಹೊಡೆಯುವಾಗ ಪುಡಿಯೆಲ್ಲ ಹಲಗೆಯ ಅಡಿಯಲ್ಲೇ ಉಳಿಯುತ್ತದೆ, ಬ್ರಷ್ ತಪ್ಪುವುದಿಲ್ಲ.

ಎರಡನೆಯದು ಮುಖದ ನೇರ. ಅಂಗಡಿಯ ಸ್ಟೀಲ್ ಪಟ್ಟಿಯನ್ನೇ ನಂಬಬೇಕಾಗಿಲ್ಲ. ಎಂ.ಡಿ.ಎಫ್.ನ ಒಂದು ಉದ್ದ ಪಟ್ಟಿ ತೆಗೆದುಕೊಳ್ಳಿ. ಸನ್‌ಮೈಕಾ ತುಂಡಿನ ಮೇಲೆ ಅದರ ಅಂಚಿಗೆ ಚೂಪು ಪೆನ್ಸಿಲ್ ಹಿಡಿದು ಗೆರೆ ಎಳೆಯಿರಿ. ಪಟ್ಟಿಯನ್ನು ಮಗುಚಿ, ಅದೇ ಅಂಚನ್ನು ಆ ಎರಡೇ ತುದಿಬಿಂದುಗಳಿಗೆ ಕೂಡಿಸಿ ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆಗಳ ನಡುವೆ ಕಾಣುವ ಅಂತರ ನಿಜವಾದ ತಪ್ಪಿನ ಎರಡರಷ್ಟು. ಹಾಗಾಗಿ ಕಣ್ಣಿಗೆ ಬೇಗ ಸಿಗುತ್ತದೆ. ಗೆರೆಗಳು ಒಂದಾಗುವವರೆಗೆ ಉಪ್ಪುಕಾಗದದಿಂದ ತಿದ್ದಿ. ಆಮೇಲೆ ಆ ಪಟ್ಟಿಯನ್ನು ಫೆನ್ಸಿಗೆ ಒತ್ತಿ ಹಿಡಿದು, ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸರಿಮಾಡಲು ಬಳಸುವ ಫೀಲರ್ ಗೇಜ್ ಎಲೆಗಳನ್ನು ತೂರಿಸಿ ನೋಡಿ. 0.1ರ ಎಲೆ ಎಲ್ಲೂ ನುಗ್ಗದಿದ್ದರೆ ಮನೆಯ ಪೀಠೋಪಕರಣಕ್ಕೆ ಧಾರಾಳವಾಯಿತು. ನಾನು ಒಮ್ಮೆ ಆಸೆಪಟ್ಟು ತೇಗದಲ್ಲಿ ಫೆನ್ಸ್ ಮಾಡಿದ್ದೆ. ಏಪ್ರಿಲ್‌ನಲ್ಲಿ ಬಾಣದಂತಿತ್ತು, ಆಷಾಢದ ಮಳೆ ಹಿಡಿದ ಮೇಲೆ 0.4ರ ಎಲೆ ಸಲೀಸಾಗಿ ಒಳಗೆ ಹೋಯಿತು. ಫೆನ್ಸಿಗೆ ಪ್ಲೈವುಡ್ಡೋ ಅಲ್ಯುಮಿನಿಯಂ ಸೆಕ್ಷನ್ನೋ ಸರಿ, ಅಂದದ ಮರ ಬೇಡ.

ಮುಖ ಎರಡು ತುಂಡಾಗಿದ್ದು ನಡುವೆ ಬಿಟ್‌ಗೆ ಜಾಗ ಬಿಟ್ಟಿದ್ದರೆ, ಆ ಎರಡೂ ಒಂದೇ ಸಮತಲದಲ್ಲಿರಬೇಕು. ಹಲಗೆ ಬಲದಿಂದ ಎಡಕ್ಕೆ ಹೋಗುವುದರಿಂದ, ಎಡಗಡೆಯದು ಮುಂದೆ ಬಂದಿದ್ದರೆ ಹಲಗೆ ಅದಕ್ಕೆ ಎಡವುತ್ತದೆ. ಹಿಂದೆ ಸರಿದಿದ್ದರೆ ಬಲಗಡೆಯ ಆಸರೆ ಮುಗಿಯುತ್ತಿದ್ದಂತೆ ಹಲಗೆ ಹಿಂದಕ್ಕೆ ಬೀಳುತ್ತದೆ. ಒಂದೇ ಒಂದು ಸಂದರ್ಭದಲ್ಲಿ ಎಡಗಡೆಯದನ್ನು ಬೇಕೆಂದೇ ಮುಂದೆ ತರುತ್ತೇವೆ: ಅಂಚನ್ನು ನೇರ ಮಾಡುವಾಗ ಎಡ ಮುಖದ ಹಿಂದೆ 1 ಮಿ.ಮೀ. ಸನ್‌ಮೈಕಾ ಚೂರು ಇಟ್ಟು, ಬಿಟ್‌ನ ಅಲಗು ಆ ಮುಖಕ್ಕೆ ಸರಿಸಮವಾಗುವಂತೆ ಹೊಂದಿಸಿದರೆ ಪ್ರತಿ ಸಲ 1 ಮಿ.ಮೀ. ಮರ ಹೋಗಿ ಅಂಚು, ಅಂಚು ನೇರ ಮಾಡುವ ಯಂತ್ರವಾದ ಜಾಯಿಂಟರ್‌ನಲ್ಲಿ ಹಾದಂತೆ ಬರುತ್ತದೆ.

ಮೂಲೆಮಟ್ಟ ಇಟ್ಟು ಫೆನ್ಸ್ ಟೇಬಲ್ಲಿಗೆ 90 ಡಿಗ್ರಿ ಇದೆಯೇ ಎಂದೂ ನೋಡಿ. ಅರ್ಧ ಡಿಗ್ರಿ ವಾಲಿದರೆ 40 ಮಿ.ಮೀ. ಎತ್ತರದಲ್ಲಿ ಸುಮಾರು 0.35 ಮಿ.ಮೀ. ತಪ್ಪಾಗುತ್ತದೆ. ಹಲಗೆಯನ್ನು ನಿಲ್ಲಿಸಿ ಹೊಡೆಯುವ ಕೆಲಸಗಳಲ್ಲಿ ಅದು ಕಾಣುತ್ತದೆ. ಫೆನ್ಸಿನ ಬುಡಕ್ಕೆ ಕಾಗದದ ಪಟ್ಟಿ ಕೊಟ್ಟು ತಿದ್ದಬಹುದು.

ಇನ್ನು ನಿಮ್ಮ ಬೆಂಚು. ಬೆಂಚಿನ ಮೇಲ್ಮೈ ತಿರುಚಿಕೊಂಡಿದ್ದರೆ, ಅದರ ಮೇಲೆ ನಾಲ್ಕು ಮೂಲೆಗೂ ಕ್ಲ್ಯಾಂಪ್ ಬಿಗಿದಾಗ ರೂಟರ್ ಟೇಬಲ್ ಕೂಡ ತಿರುಚಿಕೊಳ್ಳುತ್ತದೆ. ಮೂರು ಕಾಲಿನ ಸ್ಟೂಲ್ ಎಂಥ ನೆಲದ ಮೇಲೂ ಕುಂಟುವುದಿಲ್ಲವಲ್ಲ, ಹಾಗೆಯೇ ಟೇಬಲ್ಲಿನ ಅಡಿಗೆ ಮೂರೇ ಕಡೆ ಚಿಕ್ಕ ಪ್ಲೈ ತುಂಡುಗಳನ್ನು ಕೊಟ್ಟು, ಆ ಮೂರು ಜಾಗದಲ್ಲೇ ಕ್ಲ್ಯಾಂಪ್ ಹಾಕಿ. ರೂಟರ್ ತೂಗುವ ತಟ್ಟೆಯ ಮೇಲೂ ನಿಮ್ಮ ನೇರ ಪಟ್ಟಿಯನ್ನು ಅಡ್ಡ ಇಟ್ಟು ನೋಡಿ. ಭಾರಕ್ಕೆ ನಡು ಜಗ್ಗಿದ್ದರೆ ಹಲಗೆ ಹಳ್ಳ ದಾಟುವ ಗಾಡಿಯಂತೆ ಹೋಗುತ್ತದೆ, ಗ್ರೂವಿನ ಆಳ ಒಂದೇ ಸಮ ಬರುವುದಿಲ್ಲ. ನಾನು 10 ಮಿ.ಮೀ. ಹೈಲಂ ಶೀಟಿನ (ರಾಳದಲ್ಲಿ ಒತ್ತಿ ಮಾಡಿದ ಗಟ್ಟಿ ಹಾಳೆಯ) ತಟ್ಟೆ ಹಾಕಿದ್ದೇನೆ. ಇಷ್ಟು ವರ್ಷ ಜಗ್ಗಿಲ್ಲ.

ಈಗ ನಿಖರತೆಯ ಮಾತು. ಫೆನ್ಸಿನ ದಿಕ್ಕು ಮುಖ್ಯವಲ್ಲ ಎಂದು ಒಪ್ಪಿಕೊಂಡ ಮೇಲೆ ಒಂದು ದೊಡ್ಡ ಲಾಭವಿದೆ. ಬಲ ತುದಿಯನ್ನು ಒಂದೇ ಬೋಲ್ಟಿನ ಸುತ್ತ ತಿರುಗುವಂತೆ ಕೂರಿಸಿ, ಎಡ ತುದಿಯನ್ನಷ್ಟೇ ಸರಿಸಿ. ಬಿಟ್ ಸರಿಯಾಗಿ ನಡುವೆ ಇದ್ದರೆ ಎಡ ತುದಿ 1 ಮಿ.ಮೀ. ಸರಿದಾಗ ಬಿಟ್‌ನ ಬಳಿ ಆಗುವುದು ಅರ್ಧ ಮಿ.ಮೀ. ಮಾತ್ರ. ಕೈತಪ್ಪೂ ಅರ್ಧವಾಯಿತು. ಎಡ ತುದಿಯ ಹಿಂದೆ ಟೇಬಲ್ಲಿಗೆ ಒಂದು ಮರದ ತುಂಡನ್ನು ಕ್ಲ್ಯಾಂಪ್ ಮಾಡಿ, ಅದರಲ್ಲಿ ಒಂದು ನಟ್ ಹುದುಗಿಸಿ ಎಂ6 ಬೋಲ್ಟ್ ಹಾಕಿ. ಎಂ6 ಬೋಲ್ಟಿನ ಪಿಚ್, ಅಂದರೆ ಒಂದು ಸುತ್ತಿಗೆ ಅದು ಸಾಗುವ ದೂರ, 1 ಮಿ.ಮೀ.; ಕಾಲು ಸುತ್ತು ತಿರುಗಿಸಿದರೆ ತುದಿ 0.25, ಬಿಟ್‌ನ ಬಳಿ 0.125. ಒಂದು ನಟ್ಟು ಬೋಲ್ಟಿನ ಬೆಲೆಗೆ ಇಷ್ಟು ಸೂಕ್ಷ್ಮ ಸಿಗುತ್ತದೆ. ಬೋಲ್ಟಿನಲ್ಲಿ ಸ್ವಲ್ಪ ಸಡಿಲ ಇದ್ದೇ ಇರುತ್ತದೆ. ಅದಕ್ಕೆ ಯಾವಾಗಲೂ ಬೋಲ್ಟ್ ಫೆನ್ಸನ್ನು ಮುಂದಕ್ಕೆ ತಳ್ಳುತ್ತಾ ಕೊನೆಯ ಅಳತೆಗೆ ಬರಲಿ. ಹಿಂದಕ್ಕೆ ಹೋಗಬೇಕಾದರೆ ಒಂದಷ್ಟು ಜಾಸ್ತಿಯೇ ಹಿಂದೆ ಹೋಗಿ ಮತ್ತೆ ಮುಂದಕ್ಕೆ ಬನ್ನಿ. ಲೇತ್ ಮೇಲೆ ಕೆಲಸ ಮಾಡಿದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಬಿಗಿಯುವಾಗ ಮಾತ್ರ ಎಚ್ಚರ. ಇಷ್ಟೆಲ್ಲ ಮಾಡಿ ಹಿಡಿಕೆ ತಿರುಗಿಸಿದ ಕೂಡಲೇ ಫೆನ್ಸ್ ಅದರ ಜೊತೆ ತಾನೂ ಕೊಂಚ ತಿರುಗಿಬಿಡುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಹಿಡಿಕೆಯ ಕೆಳಗೆ ಒಂದರ ಬದಲು ಎರಡು ದೊಡ್ಡ ವಾಷರ್ ಹಾಕಿ, ನಡುವೆ ಒಂದು ತೊಟ್ಟು ಎಣ್ಣೆ ಬಿಡಿ. ಮೇಲಿನದು ತಿರುಗುತ್ತದೆ, ಕೆಳಗಿನದು ನಿಂತಲ್ಲೇ ನಿಲ್ಲುತ್ತದೆ. ಮೊದಲು ಬಲ ತುದಿ ಬಿಗಿದು ನಂತರ ಎಡ ತುದಿ ಬಿಗಿಯಿರಿ, ಪ್ರತಿ ಸಲವೂ ಅದೇ ಕ್ರಮದಲ್ಲಿ.

ಮೊದಲ ಅಳತೆಗೆ ನಾನು ಹೀಗೆ ಮಾಡುತ್ತೇನೆ. ಪ್ಲಗ್ ಕಿತ್ತು, ಬಿಟ್‌ನ ಅಲಗು ಫೆನ್ಸಿಗೆ ಅತಿ ಹತ್ತಿರ ಬರುವಂತೆ ಕೈಯಿಂದ ತಿರುಗಿಸಿ, ಬೇಕಾದ ದಪ್ಪದ ಒಂದು ತುಂಡನ್ನು ಅಲಗಿಗೂ ಫೆನ್ಸಿಗೂ ನಡುವೆ ಇಟ್ಟು ಫೆನ್ಸ್ ತಂದು ಒತ್ತುತ್ತೇನೆ. 10 ಮಿ.ಮೀ. ಬೇಕಿದ್ದರೆ 10ರ ಡ್ರಿಲ್ ಬಿಟ್‌ನ ಹಿಡಿಯ ಭಾಗವೇ ಅಳತೆಗೋಲು. ತುಂಡನ್ನು ತೆಗೆದ ಮೇಲೆಯೇ ಪ್ಲಗ್. ಆಮೇಲೆ ಚೂರು ಮರದಲ್ಲಿ ಹೊಡೆದು ವರ್ನಿಯರ್ ಹಿಡಿಯಿರಿ. 9.8 ಬಂದರೆ ಬಿಟ್‌ನ ಬಳಿ 0.2 ಹಿಂದೆ ಹೋಗಬೇಕು, ಎಡ ತುದಿಯಲ್ಲಿ 0.4. ಫೆನ್ಸಿನ ಸ್ಕೇಲ್ ಏನು ಹೇಳುತ್ತದೆ ಎಂಬುದನ್ನು ನಾನು ನೋಡುವುದೇ ಇಲ್ಲ. ಕತ್ತರಿಸಿದ ಮರ ಹೇಳಿದ್ದೇ ಅಳತೆ.

ಡ್ರಾಯರ್ ತಳಕ್ಕೆ ಹಾಕುವ 6 ಮಿ.ಮೀ. ಪ್ಲೈ ಬಗ್ಗೆ ಒಂದು ಮಾತು ಬೇಕು. ನನ್ನ ಕೈಗೆ ಸಿಕ್ಕಿದವೆಲ್ಲ ಆರಕ್ಕಿಂತ ಕಡಿಮೆಯೇ ಇದ್ದವು. ಕಾಲು ಇಂಚಿನ ಬಿಟ್ ಎಂದರೆ 6.35, ತಳ ಗಡಗಡ ಎನ್ನುತ್ತದೆ. ಸಣ್ಣ ಬಿಟ್ ಹಾಕಿ ಎರಡು ಸಲ ಹಾಯಿಸಿ. ಇಲ್ಲಿ ಒಂದು ಅಪಾಯವಿದೆ. ಟೇಬಲ್ಲಿನಲ್ಲಿ ರೂಟರ್ ತಲೆಕೆಳಗಾಗಿರುವುದರಿಂದ ಬಿಟ್ ಮೇಲಿನಿಂದ ನೋಡಿದರೆ ಅಪ್ರದಕ್ಷಿಣೆಯಾಗಿ ತಿರುಗುತ್ತದೆ. ಹಲಗೆಯನ್ನು ನಾವು ಬಲದಿಂದ ಎಡಕ್ಕೆ ತಳ್ಳುತ್ತೇವೆ. ಎರಡನೆಯ ಸಲ ಬಿಟ್ ಗ್ರೂವಿನ ಒಂದೇ ಗೋಡೆಯನ್ನು ಕೊರೆಯುತ್ತದೆ. ಆ ಗೋಡೆ ಫೆನ್ಸಿನಿಂದ ದೂರದ್ದಾಗಿದ್ದರೆ ಬಿಟ್ ಹಲಗೆಗೆ ಎದುರಾಗಿ ತಿರುಗುತ್ತದೆ, ಹಲಗೆ ಕೈಯಲ್ಲಿರುತ್ತದೆ. ಫೆನ್ಸ್ ಕಡೆಯ ಗೋಡೆಯಾದರೆ ಬಿಟ್ ಹಲಗೆಯನ್ನು ಕಸಿದುಕೊಂಡು ಓಡುತ್ತದೆ, ಬೆರಳು ಅದರ ಹಿಂದೆ ಹೋಗುತ್ತದೆ. ಆದ್ದರಿಂದ ಫೆನ್ಸಿಗೆ ಹತ್ತಿರದ ಗೋಡೆಯನ್ನು ಮೊದಲ ಸಲವೇ ಮುಗಿಸಿ, ಅಗಲ ಮಾಡಲು ಫೆನ್ಸನ್ನು ಹಿಂದಕ್ಕೆ ಸರಿಸಿ. ಮುಂದಕ್ಕೆ ಎಂದಿಗೂ ತರಬೇಡಿ. ಬಿಟ್‌ಗೂ ಫೆನ್ಸಿಗೂ ನಡುವಿನ ಸಂದಿಯಲ್ಲಿ ಇಡೀ ಪಟ್ಟಿಯನ್ನು ತೂರಿಸುವ ಸಾಹಸವೂ ಬೇಡ.

ಸಮಾನಾಂತರ ಬೇಕಾಗುವ ಕೆಲಸಗಳೂ ಇಲ್ಲದಿಲ್ಲ. ಟೇಬಲ್ಲಿನ ಉದ್ದ ತೋಡಿನಲ್ಲಿ ಮೈಟರ್ ಗೇಜ್ (ಹಲಗೆಯನ್ನು ಕೋನಕ್ಕೆ ಹಿಡಿದು ತಳ್ಳುವ ಸಾಧನ) ಓಡಿಸಿ ಹಲಗೆಯ ತುದಿಯನ್ನು ಫೆನ್ಸಿಗೆ ಆನಿಸಿಕೊಂಡು ಹೋಗುವುದಾದರೆ ಫೆನ್ಸ್ ಆ ತೋಡಿಗೆ ಸಮಾನಾಂತರವಾಗಿರಲೇಬೇಕು. ನಾನು ಗೇಜ್ ಬಿಟ್ಟು, ನಾಲ್ಕೂ ಮೂಲೆ ಸರಿಯಾಗಿ 90 ಡಿಗ್ರಿ ಇರುವ ಒಂದು ಅಗಲ ಪ್ಲೈ ತುಂಡನ್ನು ಫೆನ್ಸಿಗೇ ಒತ್ತಿ ಹಲಗೆಯ ಬೆನ್ನಿಗೆ ಕೊಟ್ಟು ತಳ್ಳುತ್ತೇನೆ. ಫೆನ್ಸ್ ಹೇಗಿದ್ದರೂ ನಡೆಯುತ್ತದೆ, ಹಿಂದಿನ ಅಂಚು ಸಿಬಿರೆದ್ದು ಹೋಗುವುದೂ ತಪ್ಪುತ್ತದೆ.

ಇಂಕ್ರಾ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದರ ಇಂಚಿನ ಮಾದರಿಯ ಹಲ್ಲುಪಟ್ಟಿ ಇಂಚಿನ 32ನೇ ಒಂದು ಭಾಗಕ್ಕೆ, ಅಂದರೆ ಸುಮಾರು 0.79 ಮಿ.ಮೀ.ಗೆ ಒಂದರಂತೆ ಕಚ್ಚಿಕೊಳ್ಳುತ್ತದೆ. ಇಂದು ಬಿಟ್ಟ ಜಾಗಕ್ಕೆ ನಾಳೆ ಕಣ್ಣು ಮುಚ್ಚಿ ಮರಳಬಹುದು. ಪೆಟ್ಟಿಗೆಯ ಮೂಲೆಗೆ ಬೆರಳು ಹೆಣೆದಂಥ ಜೋಡಣೆಯನ್ನೋ ಡವ್‌ಟೇಲನ್ನೋ ಸಾಲು ಸಾಲಾಗಿ ಹೊಡೆಯುವವರಿಗೆ ಅದು ದುಡ್ಡಿಗೆ ತಕ್ಕ ಸಾಧನ. ಡ್ರಾಯರ್ ಗ್ರೂವಿಗೆ ಬೇಕಿಲ್ಲ.

ನಿಮ್ಮ 10 ಮತ್ತು 10.6ರ ಹಲಗೆಯನ್ನೇ ಇವತ್ತು ಕೈಗೆತ್ತಿಕೊಳ್ಳಿ. ಅದರ ಅಂಚನ್ನು ನೇರ ಪಟ್ಟಿಗೆ ಹಿಡಿದು ಬೆಳಕಿಗೆ ನೋಡಿ. ಅಂಚು ನೇರವಿದ್ದರೆ ಫೆನ್ಸ್ ಬುಡಕ್ಕೆ ಉಗುರು ಹಾಕಿ ಎಳೆಯಿರಿ. ಏನು ಸಿಕ್ಕಿತು, ಯಾವ ತುದಿಯಲ್ಲಿ 10.6 ಇತ್ತು, ಮೊದಲು ಬಿಟ್‌ಗೆ ತಾಗಿದ ತುದಿಯೋ ಕೊನೆಯದೋ ಎಂದು ಇಲ್ಲೇ ಕೆಳಗೆ ಬರೆಯಿರಿ. ಕೊನೆಯದಾಗಿದ್ದರೆ, ಹಲಗೆ ಮುಗಿಯುವ ಹೊತ್ತಿಗೆ ನಿಮ್ಮ ಬಲಗೈ ಫೆನ್ಸಿನತ್ತ ಒತ್ತುವುದನ್ನು ಬಿಟ್ಟು ಬರೀ ಮುಂದಕ್ಕೆ ತಳ್ಳುತ್ತಿದೆಯೇ ಎಂಬುದನ್ನೂ ಗಮನಿಸಿ.