2013ರ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಬಹುದಾ, 4 ಜಿಬಿ ರ‍್ಯಾಮ್ ಸಾಕಾ?

ಹಾಕಬಹುದ್ರಿ, ಆರಾಮ ಹಾಕಬಹುದು. ಲಿನಕ್ಸ್ ಅಂದ್ರ ವಿಂಡೋಸ್ ಬದಲಿ ಹಾಕೂ ಫ್ರೀ ಆಪರೇಟಿಂಗ್ ಸಿಸ್ಟಮ್. ನಿಮ್ಮ ಪ್ರಶ್ನೆ ಓದಿದ್ರ ನಮ್ಮ ಮನಿ ಕಥಿನ ಓದಿದಂಗಾತು. ಹಾವೇರಿಯೊಳಗ ನಿಮ್ಮ ತಂದಿಯವರ ಹಳೆ ಲ್ಯಾಪ್‌ಟಾಪ್, ಇಂಟೆಲ್ ಐ3 ಪ್ರೊಸೆಸರ್ ಮೂರನೇ ಜನರೇಶನ್, ಆನ್ ಮಾಡಿ ಚಾ ಕುಡದು ಬಂದ್ರೂ ಇನ್ನ ತಿರಗತಿರತೈತಿ, ವಿಂಡೋಸ್ 11 ಹಾಕಾಕ ಹ್ವಾದ್ರ ಈ ಪಿಸಿಗೆ ಆಗಂಗಿಲ್ಲ ಅಂತೈತಿ, ಅಂಗಡ್ಯಾವ ಹೊಸಾದು ತೊಗೊರಿ ಅಂತಾನ. ಮತ್ತ ಅದರಾಗ ಅವರು ನುಡಿ ಅನ್ನೂ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ್ಯಾಗ ಟೈಪ್ ಮಾಡಿದ ಬರಹ ಅದಾವ ಅಂತ ಕಡೀಕ ಒಂದು ಸಾಲು ಬರದೀರಲ್ಲ, ಖರೇ ಹೇಳಬೇಕಂದ್ರ ನಿಮ್ಮ ತೊಂದ್ರಿ ಇರೂದು ಅಲ್ಲೇ, ಲಿನಕ್ಸ್‌ನ್ಯಾಗ ಅಲ್ಲ.

ನಂದು ಗದಗ. ಅಪ್ಪಾರು ರಿಟೈರ್ಡ್ ಸಾಲಿ ಮಾಸ್ತರು, ಅವರ ಲ್ಯಾಪ್‌ಟಾಪೂ ಇದ ವಯಸ್ಸಿಂದು. ಅಕ್ಟೋಬರ್ 14, 2025ಕ್ಕ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗೀತು, 11ಕ್ಕ ಟಿಪಿಎಂ 2.0 ಅನ್ನೂ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್ ಆದ್ರ ಎಂಟನೇ ಜನರೇಶನ್ ಮ್ಯಾಲಿಂದು ಬೇಕು, ಅದು ಬಂದಿದ್ದ 2017ರಾಗ. ಹಿಂಗಾಗಿ ನಾನು ಲಿನಕ್ಸ್ ಮಿಂಟ್‌ನ ಹಗುರ ಆವೃತ್ತಿ ಎಕ್ಸ್‌ಎಫ್‌ಸಿಇ ಹಾಕಿದೆ. ಯಾವ ಡಿಸ್ಟ್ರೋ (ಲಿನಕ್ಸ್‌ನ ಬ್ಯಾರೆ ಬ್ಯಾರೆ ತಳಿ) ಚಲೋ ಅಂತ ಕೇಳಿದ್ರ ಹತ್ತು ಮಂದಿ ಹನ್ನೊಂದು ಹೆಸರು ಹೇಳ್ತಾರ, ತಲಿ ಕೆಡಿಸ್ಕೋಬ್ಯಾಡ್ರಿ. ಮಿಂಟ್ 22ಕ್ಕ 2029ರ ತನಕ ಸೆಕ್ಯುರಿಟಿ ಅಪ್ಡೇಟ್ ಬರತಾವ, 2 ಜಿಬಿ ರ‍್ಯಾಮ್‌ನ್ಯಾಗೂ ಏಳತೈತಿ, 4 ಇದ್ರ ಛಲೋ ನಡೀತೈತಿ. ಆದ್ರ ಬ್ರೌಸರ್‌ನ್ಯಾಗ ಇಪ್ಪತ್ತು ಟ್ಯಾಬ್ ತಗದು ಕುಂತ್ರ ಯಾವ ಲಿನಕ್ಸ್ ಬಂದ್ರೂ ಉಸಿರು ಕಟ್ಟತೈತಿ, ಆ ಆಸೆ ಇಟ್ಕೋಬ್ಯಾಡ್ರಿ. ರೊಕ್ಕ ಹಾಕೂದಿದ್ರ ಒಂದು ಸಾಟಾ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್ ಬದಲಿ ಹಾಕೂ ಜೋರ ಓಡೂ ಡಿಸ್ಕ್) ಮ್ಯಾಲೆ ಹಾಕ್ರಿ. ನಾನು ಹುಬ್ಬಳ್ಳಿ ಕೊಪ್ಪಿಕರ್ ರೋಡಿಗೆ ಹ್ವಾದಾಗ 256 ಜಿಬಿದು ತಂದು ಹಳೆ ಹಾರ್ಡ್‌ಡಿಸ್ಕ್ ಜಾಗಾದಾಗ ಕುಂಡ್ರಿಸಿದೆ. ಲಿನಕ್ಸ್‌ಕಿಂತ ಹೆಚ್ಚು ಫರಕ ಅದರಿಂದ ಬಿತ್ತು.

ಈಗ ನುಡಿ ವಿಷಯ. ಹಳೆ ನುಡಿ ಫಾಂಟಿನ್ಯಾಗ ಟೈಪ್ ಮಾಡಿದ್ದು ಯುನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಒಂದ ಆಗಿರೂ ಅಕ್ಷರದ ಕೋಡ್) ಅಲ್ರಿ. ಒಳಗ ಇರೂವು ಇಂಗ್ಲಿಷ್ ಅಕ್ಷರದ ಕೋಡ್‌ಗಳು, ಅದಕ್ಕ ಕನ್ನಡದ ಅಂಗಿ ತೊಡಿಸಿರ್ತಾರ ಅಷ್ಟ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನ್ಯಾಗ ತಗದ್ರ ಅಂಗಿ ಕಳಚಿ ಬರೇ ಹುಳಾ ಹರದಾಡಿದಂಗ ಕಾಣತೈತಿ. ಅಪ್ಪಾರ ಇಪ್ಪತ್ತು ವರ್ಷದ ಭಾಷಣ, ಅಭಿನಂದನ ಪತ್ರ, ಗ್ಯಾದರಿಂಗ್ ನಾಟಕ ಎಲ್ಲಾ ಹಂಗಾಗಿ ನಿಂತಿದ್ದು ನೋಡಿ ಅವರ ಮಾರಿ ಸಣ್ಣದಾತು. ಎಲ್ಲಾ ಹೋತೇನೋ ಅಂದ್ರು. ಹೋಗಿರಲಿಲ್ಲ, ಫಾಂಟ್ ಫೈಲ್ ತಂದು ಹಾಕಿದ ಮ್ಯಾಲೆ ಲಿಬ್ರೆಆಫೀಸ್ ಅನ್ನೂ ವರ್ಡ್ ಥರದ ಸಾಫ್ಟ್‌ವೇರ್‌ನ್ಯಾಗ ಓದಾಕ ಬಂತು. ಆದ್ರ ಅದರಾಗ ತಿದ್ದೂದು ಭಾಳ ರಗಳೆ. ಅದಕ್ಕ ನೀವು ವಿಂಡೋಸ್ ತಗಿಯೂ ಮುಂಚೇನ ಆ ಫೈಲ್ ಎಲ್ಲಾ ಯುನಿಕೋಡ್‌ಗೆ ಕನ್ವರ್ಟ್ ಮಾಡ್ಕೊರಿ. ಮಾಡಿದ ಮ್ಯಾಲೆ ಒಂದೊಂದ ತಗದು ಅರ್ಕಾವತ್ತು, ಒತ್ತಕ್ಷರ ಸರಿ ಬಂದಾವೋ ಇಲ್ಲೋ ಕಣ್ಣಾಡಿಸ್ರಿ. ಹಳೇ ಫೈಲೂ ಹಂಗ ಇರ್ಲಿ, ಒಗೀಬ್ಯಾಡ್ರಿ.

ಮುಂದ ಟೈಪ್ ಮಾಡೂದಕ್ಕ ಚಿಂತಿಲ್ಲ. ಲಿನಕ್ಸ್‌ನ್ಯಾಗ ಬ್ಯಾರೆ ಭಾಷಾ ಟೈಪ್ ಮಾಡಾಕ ಐಬಸ್ ಅಂತ ಐತಿ, ಅದರಾಗ ಕನ್ನಡ ಕೆಜಿಪಿ ಕೀಬೋರ್ಡ್ ಆರಿಸ್ಕೊರಿ. ಕೆಜಿಪಿ ಅಂದ್ರ ಕನ್ನಡ ಗಣಕ ಪರಿಷತ್ತು, ನುಡಿ ಮಾಡಿದವ್ರು. ಎಫ್ ಒತ್ತಿ ಒತ್ತಕ್ಷರ ಕೊಡೂ ಅದ ರೂಢಿ ಇಲ್ಲೂ ನಡೀತೈತಿ, ಅಪ್ಪಾರ ಬೆರಳಿಗೆ ಹೊಸಾದೇನೂ ಕಲಿಸಬೇಕಾಗಲಿಲ್ಲ. ಗುಬ್ಬಿ, ನವಿಲು ಅಂತ ಎರಡು ಫಾಂಟ್ ಅದಾವ, ಸಾಫ್ಟ್‌ವೇರ್ ಮ್ಯಾನೇಜರ್‌ನ್ಯಾಗ ಫ್ರೀ ಸಿಗತಾವ, ಹಾಕ್ಕೊರಿ.

ಇನ್ಸ್ಟಾಲ್ ಮಾಡೂದು ಏನ್ ದೊಡ್ಡದಲ್ಲ. 8 ಜಿಬಿ ಪೆನ್‌ಡ್ರೈವ್ ತೊಗೊಂಡು ರೂಫಸ್ ಅನ್ನೂ ಸಾಫ್ಟ್‌ವೇರ್‌ನಿಂದ ಮಿಂಟ್‌ನ ಐಎಸ್‌ಒ (ಇನ್ಸ್ಟಾಲ್ ಮಾಡೂ ಫೈಲ್) ಬರಕೊರಿ (ಅದರಾಗಿಂದು ಎಲ್ಲಾ ಅಳಸತೈತಿ, ನೆನಪಿರ್ಲಿ), ಆನ್ ಆಗೂ ಮುಂದ ಡೆಲ್, ಲೆನೊವೊ ಆದ್ರ ಎಫ್ 12, ಎಚ್‌ಪಿ ಆದ್ರ ಎಫ್ 9 ಒತ್ತಿ ಪೆನ್‌ಡ್ರೈವ್ ಆರಿಸಿದ್ರ ಹಾರ್ಡ್‌ಡಿಸ್ಕ್ ಮುಟ್ಟದ ಪೆನ್‌ಡ್ರೈವ್‌ನಿಂದನ ಮಿಂಟ್ ಏಳತೈತಿ. ಅಲ್ಲೇ ಒಂದು ದಿವಸ ವೈಫೈ, ಸೌಂಡ್, ಕ್ಯಾಮೆರಾ, ಮುಖ್ಯ ಪ್ರಿಂಟರ್ ಎಲ್ಲಾ ನೋಡ್ರಿ. ನಮ್ದಕ್ಕ ವೈಫೈ ಹಿಡೀಲಿಲ್ಲ, ಮೊಬೈಲ್ ಯುಎಸ್‌ಬಿ ಕೇಬಲ್‌ನಿಂದ ನೆಟ್ ಕೊಟ್ಟು ಡ್ರೈವರ್ ಮ್ಯಾನೇಜರ್ ತಗದ್ರ ತಾನ ಡ್ರೈವರ್ ತೋರಿಸ್ತು. ಟ್ಯಾಲಿ ಮಾಡೂದಿದ್ರ ಮಾತ್ರ ವಿಂಡೋಸ್ ತಗೀಬ್ಯಾಡ್ರಿ, ಪಕ್ಕದಾಗ ಇಟ್ಕೊರಿ.

ಒಂದು ಕಡೆ ಮಾತ್ರ ಕೈ ತಡೀರಿ. ಇನ್ಸ್ಟಾಲ್ ಮಾಡೂ ಹೊತ್ತಿನ್ಯಾಗ ಇರೇಸ್ ಡಿಸ್ಕ್ ಅಂತ ಒಂದು ಆಪ್ಷನ್ ಬರತೈತಿ, ಅದು ಸಿ ಡ್ರೈವ್ ಅಷ್ಟ ಅಲ್ಲ, ಡಿ, ಇ ಎಲ್ಲಾ ಸೇರಿಸಿ ಇಡೀ ಡಿಸ್ಕ್ ಗುಡಿಸಿ ಹಾಕತೈತಿ. ಮೊದಲ ಸಲ ನಂದ ಹಳೆ ಲ್ಯಾಪ್‌ಟಾಪ್‌ಗೆ ಹಾಕೂ ಮುಂದ ಡಿ ಡ್ರೈವ್ ಉಳೀತೈತಿ ಬಿಡು ಅಂತ ಒತ್ತಿದೆ, ತಂಗಿ ಮದುವಿ ಫೋಟೋ ಎಲ್ಲಾ ಅದರಾಗಿದ್ವು, ಅರ್ಧ ಬೀಗರ ಮೊಬೈಲ್‌ನ್ಯಾಗ ಸಿಕ್ಕು, ಉಳಿದ ಅರ್ಧದ ಬಗ್ಗೆ ತಂಗಿ ಇನ್ನೂ ಮಾತ ಎತ್ತತಾಳ. ಹಂಗ ನಿಮ್ಮ ಬ್ಯಾಟರಿ ಸತ್ತಿದ್ರ ಕರೆಂಟ್ ಹೋಗೂ ಹೊತ್ತಿನ್ಯಾಗ ಕುಂಡ್ರಬ್ಯಾಡ್ರಿ, ಇನ್ವರ್ಟರ್ ಇರೂ ಮನ್ಯಾಗ ಮಾಡ್ರಿ.

ಲ್ಯಾಪ್‌ಟಾಪ್ ಬೆನ್ನಿಗೆ ಸ್ಟಿಕರ್ ಮ್ಯಾಲೆ ಮಾಡೆಲ್ ನಂಬರ್ ಇರತೈತಿ, ಅದನ್ನೊಂದು ಇಲ್ಲಿ ಹಾಕ್ರಿ, ವೈಫೈ ಚಿಪ್ ಯಾವ್ದು ಅಂತ ನೋಡಿ ಹೇಳ್ತೀನಿ.