ಅಳತೆ ಬ್ಲೌಸು ಮನೆಯಲ್ಲಿಟ್ಟು ಬನ್ನಿ

ಉಡುಗೆ ತೊಡುಗೆ: ಓದುಗರ ಪ್ರಶ್ನೆಗೆ ಮಲ್ಲೇಶ್ವರದ ಹೊಲಿಗೆಯಂಗಡಿಯಿಂದ ಉತ್ತರ

ಮದುವೆ ಬ್ಲೌಸಿನ ಡಿಸೈನು ಕೇಳಿದ ಪತ್ರಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಈ ಸಲ ಮೂರು ಪತ್ರಗಳು ಮುಟ್ಟು ನಿಲ್ಲುವ ಕಾಲದ ಉಡುಪಿನ ಬಗ್ಗೆಯೇ ಇದ್ದವು. ಮೂವರೂ ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಅಕ್ಕ, ನನಗೆ 49. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಹದಿನಾಲ್ಕು ಜನರ ತಂಡ ನೋಡಿಕೊಳ್ಳುತ್ತೇನೆ. ಮುಟ್ಟು ಒಮ್ಮೆ ಬಂದರೆ ಎರಡು ತಿಂಗಳು ನಾಪತ್ತೆ. ಅದು ಹಾಗಿರಲಿ. ಮೀಟಿಂಗಿನಲ್ಲಿ ನಿಂತು ಮಾತಾಡುವಾಗ ಇದ್ದಕ್ಕಿದ್ದಂತೆ ಎದೆಯಿಂದ ಕಿವಿಯವರೆಗೆ ಕಾವು ಏರುತ್ತದೆ, ಬೆವರು ಇಳಿಯುತ್ತದೆ, ಐದು ನಿಮಿಷ ಕಳೆದರೆ ಅದೇ ಎ.ಸಿ.ಯಲ್ಲಿ ನಡುಕ. ಹೋದ ವಾರ ತಿಳಿ ಬೂದು ಕುರ್ತಾ ಹಾಕಿದ್ದೆ, ಕಂಕುಳ ಕೆಳಗೆ ಅಂಗೈ ಅಗಲ ಒದ್ದೆ ಕಲೆ. ಬ್ಲೇಜರ್ ಹಾಕಿದರೆ ಬೇಯುತ್ತೇನೆ, ತೆಗೆದರೆ ಕಲೆ ಕಾಣುತ್ತದೆ. ಹಳೆಯ ಕುರ್ತಾಗಳೆಲ್ಲ ಹೊಟ್ಟೆ ಹತ್ತಿರ ಬಿಗಿ. ಏನು ಹಾಕಿಕೊಳ್ಳಲಿ? (ಜಯನಗರ)

ಉತ್ತರ: ಮೇಡಂ, ನನಗಿದು ಶುರುವಾದದ್ದು 48ಕ್ಕೆ. ನಾಲ್ಕು ತಿಂಗಳು ನಾನು ಇಸ್ತ್ರಿ ಪೆಟ್ಟಿಗೆಯನ್ನು ಬೈದೆ. ಅಂಗಡಿಯಲ್ಲಿ ಇಸ್ತ್ರಿ ಮೇಜು ನನ್ನ ಬೆನ್ನ ಹಿಂದೆಯೇ ಇತ್ತು, ಕಾವು ಅದರದ್ದೇ ಎಂದುಕೊಂಡು ಬಾಗಿಲ ಬಳಿ ಸಾಗಿಸಿದೆ. ಹೊಸ ಟೇಬಲ್ ಫ್ಯಾನ್ ತಂದೆ. ಒಂದು ಸಂಜೆ ಮದುಮಗಳ ಬ್ಲೌಸಿಗೆ ಹೆಮ್ಮಿಂಗ್ ಹಾಕುತ್ತಿದ್ದಾಗ ನನ್ನ ಗಲ್ಲದಿಂದ ಒಂದು ಹನಿ ರೇಷ್ಮೆ ತೋಳಿನ ಮೇಲೆ ಬಿತ್ತು. ರೇಷ್ಮೆ ಮೇಲೆ ಬಿದ್ದ ಬೆವರು ಸುಮ್ಮನೆ ಆರುವುದಿಲ್ಲ, ಉಂಗುರ ಬಿಟ್ಟು ಹೋಗುತ್ತದೆ. ಆ ತೋಳನ್ನು ಮತ್ತೆ ಕತ್ತರಿಸಬೇಕಾಯಿತು, ಪುಣ್ಯಕ್ಕೆ ಬಟ್ಟೆ ಮಿಕ್ಕಿತ್ತು. ತಿರುಗಿ ನೋಡಿದರೆ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಬೆಳಗಿನಿಂದ ಆರಿಯೇ ಇತ್ತು. ಮರುದಿನ ಡಾಕ್ಟರ ಹತ್ತಿರ ಹೋದೆ.

ಅವರು ಹೇಳಿದ್ದು ನನ್ನ ಭಾಷೆಯಲ್ಲಿ ಹೀಗೆ: ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿಯುವಾಗ ಮಿದುಳಿನಲ್ಲಿ ಮೈಕಾವು ನೋಡಿಕೊಳ್ಳುವ ಹೈಪೋಥಲಾಮಸ್ ಸೊಲ್ಪ ಹೆದರುಪುಕ್ಕಲ ಆಗುತ್ತದೆ. ಮೊದಲು ಲೆಕ್ಕಕ್ಕೇ ಇಡದಿದ್ದಷ್ಟು ಕಾವು ಏರಿದರೂ 'ಬೆಂಕಿ ಬಿತ್ತು' ಎಂದು ಚರ್ಮದ ರಕ್ತನಾಳ ಹಿಗ್ಗಿಸಿ, ಬೆವರು ಸುರಿಸಿ ಮೈ ತಣಿಸಿಬಿಡುತ್ತದೆ. ಆಮೇಲಿನ ನಡುಕ ಅದಕ್ಕೇ. ಅಂದರೆ ನಿಮ್ಮ ಉಡುಪಿಗೆ ಎರಡು ಕೆಲಸ: ಕಾವು ಕುತ್ತಿಗೆಯ ಕಡೆಯಿಂದ ಬೇಗ ಹೊರಗೆ ಹೋಗಬೇಕು, ಐದು ನಿಮಿಷದ ನಂತರ ಹೊದೆಯಲು ಏನಾದರೂ ಕೈಗೆಟುಕಬೇಕು. ದಪ್ಪ ಬ್ಲೇಜರ್ ಈ ಎರಡರಲ್ಲಿ ಒಂದನ್ನೂ ಮಾಡುವುದಿಲ್ಲ.

ಈಗ ನನ್ನ ಹಳೇ ಜಗಳಕ್ಕೆ ಬರುತ್ತೇನೆ. ಹೊಲಿಸಲು ಬರುವ ಹೆಂಗಸರು ಚೀಲದಿಂದ ಒಂದು ಅಳತೆ ಬ್ಲೌಸು ತೆಗೆಯುತ್ತಾರೆ. ಅದು ಮಗನ ಉಪನಯನಕ್ಕೆ ಹೊಲಿಸಿದ್ದು, ಮಗ ಈಗ ಇಂಜಿನಿಯರ್. 'ಇದರದ್ದೇ ಅಳತೆ, ಸೊಲ್ಪ ಲೂಸ್ ಇರಲಿ' ಎನ್ನುತ್ತಾರೆ. ಸೊಲ್ಪ ಎಂದರೆ ಎಷ್ಟು? ಈ ವಯಸ್ಸಿನಲ್ಲಿ ಸೊಂಟದ ಸುತ್ತ ಕೊಬ್ಬು ಕೂರುತ್ತದೆ, ಹೊಟ್ಟೆ ಬೆಳಿಗ್ಗೆ ಒಂದು ತರಹ, ಸಂಜೆ ಉಬ್ಬರಿಸಿ ಇನ್ನೊಂದು ತರಹ. ಹತ್ತು ವರ್ಷದ ಹಿಂದಿನ ಮೈಗೆ ನಾನು ಬಟ್ಟೆ ಹೊಲಿದರೆ ನೀವು ಆ ಮೈಯನ್ನು ಎಲ್ಲಿಂದ ತರುತ್ತೀರಿ? ಅಳತೆ ಬ್ಲೌಸು ಮನೆಯಲ್ಲಿಟ್ಟು ಬನ್ನಿ. ಬರುವುದಾದರೆ ಸಂಜೆ ಬನ್ನಿ, ಆಫೀಸಿಗೆ ಹಾಕುವ ಬ್ರಾ ಹಾಕಿಕೊಂಡೇ ಬನ್ನಿ. ಹೊಟ್ಟೆಯ ಅಳತೆ ನಾನು ಕೂರಿಸಿ ತೆಗೆಯುತ್ತೇನೆ. ದಿನಕ್ಕೆ ಎಂಟು ಗಂಟೆ ಕುರ್ಚಿಯಲ್ಲಿರುವವರಿಗೆ ನಿಂತು ಕೊಟ್ಟ ಅಳತೆ ಏನು ಪ್ರಯೋಜನ?

ನಿಮ್ಮ ದರ್ಜಿ ಯಾರೇ ಇರಲಿ, ಇದೊಂದನ್ನು ಹೇಳಿ ಮಾಡಿಸಿ. ಪಕ್ಕದ ಹೊಲಿಗೆಯ ಒಳಗೆ ಒಂದು ಇಂಚು ಮಾರ್ಜಿನ್ ಬಿಡಿಸಿ, ಕಾಲಿಂಚಿಗೆ ಒಂದರಂತೆ ಮೂರು ಸಾಲು ಹೊಲಿಗೆ ಹಾಕಿಸಿ. ಎರಡೂ ಪಕ್ಕದ ಒಳಸಾಲನ್ನು ಬಿಚ್ಚಿದರೆ ಸುತ್ತಳತೆಗೆ ಒಂದು ಇಂಚು ಸಿಗುತ್ತದೆ. ಉಗುರಿನ ತುದಿ ಮತ್ತು ಬ್ಲೇಡಿದ್ದರೆ ಮನೆಯಲ್ಲೇ ಹತ್ತು ನಿಮಿಷದ ಕೆಲಸ. ನನ್ನದೇ ಒಂದು ಬಾಟಲಿ ಹಸಿರು ಬ್ಲೌಸು ಎರಡು ಸಲ ಬಿಚ್ಚಿಸಿಕೊಂಡು ಈಗ ಕೊನೆಯ ಸಾಲಿನಲ್ಲಿ ನಿಂತಿದೆ.

ಬಟ್ಟೆಯ ವಿಷಯ. ಚಿಕ್ಕಪೇಟೆಯಲ್ಲಿ ಎಲ್ಲವೂ 'ಪ್ಯೂರ್ ಕಾಟನ್ ಮೇಡಂ'. ಅಂಚಿನಿಂದ ಎರಡು ಎಳೆ ಕಿತ್ತು ಮನೆಗೆ ತನ್ನಿ, ಇಕ್ಕಳದಲ್ಲಿ ಹಿಡಿದು ಬೆಂಕಿಗೆ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಣಿಯಾದ ಬಟ್ಟೆಯನ್ನು ಮೈಗೆ ಹಚ್ಚಬೇಡಿ, ಅದು ಬೆವರು ಕುಡಿಯುವುದಿಲ್ಲ, ವಾಸನೆಯನ್ನು ಮಾತ್ರ ಇಟ್ಟುಕೊಳ್ಳುತ್ತದೆ. ರೇಯಾನ್ ಕೂಡ ಕಾಗದದಂತೆಯೇ ಉರಿಯುತ್ತದೆ. ಅದು ಬೆವರು ಕುಡಿಯುತ್ತದೆ ನಿಜ, ಆದರೆ ನೆನೆದಾಗ ಭಾರವಾಗಿ ಜೋತು ಬೀಳುತ್ತದೆ. ಮಲ್ಮಲ್, ಮಂಗಳಗಿರಿ, ಹೆಗ್ಗೋಡಿನ ಚರಕ ಸಂಸ್ಥೆಯವರ ಕೈಮಗ್ಗದ ಹತ್ತಿ, ಲಿನೆನ್, ಇವು ನಿಮಗೆ. ಲಿನೆನ್ ಸುಕ್ಕಾಗುತ್ತದೆ ಎಂದು ದೂರುವವರಿಗೆ ನನ್ನಲ್ಲಿ ಉತ್ತರವಿಲ್ಲ, ಅದರ ಹುಟ್ಟುಗುಣವೇ ಅದು. ಇಳಕಲ್, ಖಣ ಎಂಬ ಹೆಸರು ಕೇಳಿ ಮಾತ್ರ ಮೋಸ ಹೋಗಬೇಡಿ. ಗುಳೇದಗುಡ್ಡದ ಖಣದಂತೆ ಕಾಣುವ ಪಾಲಿಯೆಸ್ಟರ್ ಮಾರುಕಟ್ಟೆಯಲ್ಲಿ ರಾಶಿ ಇದೆ.

ಇನ್ನು ಲೈನಿಂಗ್. ಮೇಲೆ ದುಬಾರಿ ಹತ್ತಿ, ಒಳಗೆ ಅಗ್ಗದ ಪಾಲಿಯೆಸ್ಟರ್ ಕ್ರೇಪ್ ಲೈನಿಂಗ್ ಹಾಕಿದರೆ ಮೈಗೆ ತಾಗುವುದು ಕ್ರೇಪೇ ತಾನೆ? ತೆಳು ಹತ್ತಿ ಲೈನಿಂಗ್ ಕೊಡಿ, ಮೊದಲು ರಾತ್ರಿಯಿಡೀ ನೀರಿಗೆ ಹಾಕಿ ಒಣಗಿಸಿ ಕೊಡಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಮೇಲಿನ ಬಟ್ಟೆಯನ್ನು ಎಳೆದು ಮುದುರಿಸುತ್ತದೆ. ಕಂಕುಳಿಗೆ ಅದೇ ಬಟ್ಟೆಯ ಸಣ್ಣ ಚೌಕವೊಂದನ್ನು ಜೋಡಿಸಿದರೆ ಕೈ ಎತ್ತಿದಾಗ ಬಿಗಿಯುವುದಿಲ್ಲ, ಗಾಳಿಯೂ ಆಡುತ್ತದೆ. ಕಂಕುಳನ್ನು ಕೆಳಕ್ಕೆ ಇಳಿಸಿ ಸಡಿಲ ಮಾಡಿ ಎಂದು ಕೆಲವರು ಕೇಳುತ್ತಾರೆ. ಹಾಗೆ ಮಾಡಿದರೆ ಬೋರ್ಡಿನ ಕಡೆ ಕೈ ತೋರಿಸುವಾಗ ಇಡೀ ಕುರ್ತಾವೇ ಮೇಲೆ ಬರುತ್ತದೆ.

ಬಣ್ಣದಲ್ಲಿ ಬೂದು, ಆಕಾಶ ನೀಲಿ, ತಿಳಿ ಗುಲಾಬಿ ಬೆವರನ್ನು ಊರಿಗೆಲ್ಲ ಸಾರುತ್ತವೆ. ಬಿಳಿ, ಕಡು ನೀಲಿ, ಸಣ್ಣ ಅಚ್ಚಿನ ಕಲಂಕಾರಿ ಅಥವಾ ಅಜರಖ್ ಮುಚ್ಚಿಡುತ್ತವೆ. ಕುತ್ತಿಗೆ ಮುಂದೆ ಬಟನ್ ಪಟ್ಟಿ ಇರಲಿ, ಚೈನೀಸ್ ಕಾಲರ್ ಬೇಡ. ಬ್ಲೇಜರ್ ಬದಲು ಮಂಡಿಯವರೆಗಿನ, ಮುಂದೆ ತೆರೆದ, ಲೈನಿಂಗ್ ಇಲ್ಲದ ಹತ್ತಿಯ ಜಾಕೆಟ್ ಹೊಲಿಸಿ. ತೋಳಿಲ್ಲದ್ದಾದರೂ ನಡೆಯುತ್ತದೆ, ಭುಜದ ಹೊಲಿಗೆ ನೇರ ಕೂತರೆ ಸಾಕು. ಎದುರಿನವರ ಕಣ್ಣು ಮೊದಲು ಭುಜಕ್ಕೆ ಹೋಗುತ್ತದೆ, ಅಲ್ಲಿ ಜೋಲು ಬಿದ್ದರೆ ಎಷ್ಟು ದುಬಾರಿ ಬಟ್ಟೆಯೂ ರಾತ್ರಿ ಉಡುಪಿನಂತೆ ಕಾಣುತ್ತದೆ. ಆರ್.ವಿ. ರಸ್ತೆಯ ಮೆಟ್ರೊ ಮೆಟ್ಟಿಲು ಹತ್ತುವಾಗ ಜಾಕೆಟ್ ಚೀಲದಲ್ಲಿರಲಿ, ಆಫೀಸು ತಲುಪಿ ಮುಖ ತೊಳೆದ ಮೇಲೆ ಹಾಕಿ. ಹೊಸದನ್ನು ದೊಡ್ಡ ಮೀಟಿಂಗಿನ ದಿನವೇ ಮೊದಲ ಸಲ ಹಾಕಬೇಡಿ. ಒಂದು ದಿನ ಮನೆಯಲ್ಲಿ ಹಾಕಿಕೊಂಡು ಚಪಾತಿ ಲಟ್ಟಿಸಿ ನೋಡಿ. ಅಲ್ಲಿ ತಡೆದರೆ ಎಲ್ಲಿ ಬೇಕಾದರೂ ತಡೆಯುತ್ತದೆ.

ರಾತ್ರಿ ನಿದ್ದೆಯೂ ಕೆಡುತ್ತಿದ್ದರೆ ಡಾಕ್ಟರನ್ನು ನೋಡಿ. ಅದಕ್ಕೆ ಚಿಕಿತ್ಸೆ ಇದೆ. ಥೈರಾಯ್ಡ್ ಹೆಚ್ಚಾದರೂ ಹೀಗೇ ಬೆವರುತ್ತದೆ, ಅದನ್ನೂ ನೋಡಿಸಿ.

ಪ್ರಶ್ನೆ: ನಾನು ವಕೀಲೆ, 51 ವರ್ಷ. ಹೆಚ್ಚಾಗಿ ಸಿಟಿ ಸಿವಿಲ್ ಕೋರ್ಟಿನಲ್ಲಿ, ಆಗಾಗ ಹೈಕೋರ್ಟಿನಲ್ಲಿ ಕೆಲಸ. ನಿಮ್ಮ ಅಂಕಣದಲ್ಲಿ ಯಾವಾಗಲೂ ಹತ್ತಿ, ತೆಳು, ಸಡಿಲ ಎನ್ನುತ್ತೀರಿ. ನನಗೆ ಕುತ್ತಿಗೆಗೆ ಬ್ಯಾಂಡು, ಮೇಲೆ ಕಪ್ಪು ಕೋಟು, ಅದರ ಮೇಲೆ ಗೌನು. ವಾದ ಮಂಡಿಸುವಾಗ ಕಾವು ಏರಿದರೆ ಏನು ಬಿಚ್ಚಲಿ? (ಬಸವನಗುಡಿ)

ಉತ್ತರ: ಲಾಯರಮ್ಮ, ನಿಯಮ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆದರೂ ನನ್ನ ಗಿರಾಕಿ ವಕೀಲರೊಬ್ಬರು ಓದಿ ಹೇಳಿದ್ದನ್ನು ನೆನಪಿಸುತ್ತೇನೆ. ಸುಪ್ರೀಂ ಕೋರ್ಟ್, ಹೈಕೋರ್ಟ್ ಬಿಟ್ಟು ಉಳಿದ ಕಡೆ ಬೇಸಿಗೆಯಲ್ಲಿ ಕಪ್ಪು ಕೋಟು ಕಡ್ಡಾಯವಲ್ಲ ಎಂದು ಬಾರ್ ಕೌನ್ಸಿಲ್ ನಿಯಮವೇ ಹೇಳುತ್ತದೆ. ಗೌನು ಕಡ್ಡಾಯ ಇರುವುದೂ ಆ ಎರಡು ಕಡೆ ಮಾತ್ರ. ಹೆಂಗಸರಿಗೆ ಕೋಟಿನ ಜಾಗದಲ್ಲಿ ತುಂಬು ತೋಳಿನ ಕಪ್ಪು ಬ್ಲೌಸಿಗೂ ಅವಕಾಶ ಇದೆ. ಬಿಳಿ ಕಾಲರು, ಬ್ಯಾಂಡು ಬೇಕು, ಅಷ್ಟೇ. ತುಂಬು ತೋಳಿನ ಕಪ್ಪು ಹತ್ತಿ ಬ್ಲೌಸು ನಾನು ಎಷ್ಟೋ ಹೊಲಿದಿದ್ದೇನೆ.

ಕೋಟೇ ಬೇಕೆಂದರೆ, ಈಗಿರುವ ಕೋಟನ್ನು ತಿರುವಿ ಹಾಕಿ ನೋಡಿ. ರೆಡಿಮೇಡ್ ಆದರೆ ಒಳಗೆ ಪೂರ್ತಿ ಹೊಳೆಯುವ ಪಾಲಿಯೆಸ್ಟರ್ ಲೈನಿಂಗ್ ಇರುತ್ತದೆ. ನಿಮ್ಮನ್ನು ಬೇಯಿಸುತ್ತಿರುವುದು ಅದು. ಬೆನ್ನಿನ ಲೈನಿಂಗನ್ನು ಭುಜದಿಂದ ಒಂದು ಗೇಣು ಕೆಳಗೆ ಕತ್ತರಿಸಿ ತೆಗೆಸಿ, ಒಳ ಅಂಚುಗಳಿಗೆ ಪೈಪಿಂಗ್ ಹಾಕಿಸಿ. ತೋಳಿನ ಲೈನಿಂಗ್ ಇರಲಿ, ಇಲ್ಲದಿದ್ದರೆ ಕೈ ತೂರುವುದಿಲ್ಲ. ಹೊಸದಾದರೆ ತೆಳುವಾದ ಉಣ್ಣೆಯ ಬಟ್ಟೆ ಕೇಳಿ. ಉಣ್ಣೆ ಎಂದು ಗಾಬರಿಯಾಗಬೇಡಿ, ತೆಳು ಉಣ್ಣೆ ಪಾಲಿಯೆಸ್ಟರಿಗಿಂತ ಚೆನ್ನಾಗಿ ಉಸಿರಾಡುತ್ತದೆ. ಬ್ಯಾಂಡಿನ ಕಾಲರು ಕಟ್ಟಿದ ಮೇಲೆ ಎರಡು ಬೆರಳು ಒಳಗೆ ಹೋಗಬೇಕು. ಹಿಂದೆ ಗಂಟಿನ ಬದಲು ಹುಕ್ಕು ಹಾಕಿಸಿ, ಅದಕ್ಕೆ ಎರಡು ಕಣ್ಣು ಇರಲಿ. ಕಾವು ಏರಿದಾಗ ಹೊರಗಿನ ಕಣ್ಣಿಗೆ ಜಾರಿಸಿದರೆ ನ್ಯಾಯಾಧೀಶರಿಗೂ ಗೊತ್ತಾಗದು.

ಕಪ್ಪು ಒದ್ದೆ ತೋರಿಸುವುದಿಲ್ಲ, ಒಣಗಿದ ಮೇಲೆ ಬಿಳಿ ಉಪ್ಪಿನ ಗೆರೆ ತೋರಿಸುತ್ತದೆ. ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ನೇತು ಹಾಕಿ. ಒಳಗಿನ ಬಿಳಿ ಬ್ಲೌಸಿನ ಕಂಕುಳು ಹಳದಿಯಾಗುವುದಕ್ಕೆ ಬೆವರಿನಷ್ಟೇ ಡಿಯೋಡರೆಂಟಿನ ಅಲ್ಯೂಮಿನಿಯಂ ಕೂಡ ಕಾರಣ. ಅದು ಪೂರ್ತಿ ಒಣಗಿದ ಮೇಲೆ ಬಟ್ಟೆ ಹಾಕಿ.

ಪ್ರಶ್ನೆ: ಪ್ರೌಢಶಾಲೆಯ ಶಿಕ್ಷಕಿ ನಾನು, 47. ಮುಟ್ಟು ಯಾವತ್ತು ಬರುತ್ತದೆ ಎಂದು ಗೊತ್ತಿಲ್ಲ, ಬಂದರೆ ಹೊಳೆ. ಹೋದ ತಿಂಗಳು ಒಂಬತ್ತನೇ ತರಗತಿಯಲ್ಲಿ ಕುರ್ಚಿಯಿಂದ ಏಳಲಾಗದೆ ಬೆಲ್ ಹೊಡೆಯುವ ತನಕ ಕೂತೇ ಪಾಠ ಮಾಡಿದೆ. ಸೀರೆಯನ್ನೇ ಬಿಟ್ಟುಬಿಡಲೇ? (ಯಲಹಂಕ)

ಉತ್ತರ: ಟೀಚರ್, ಮೊದಲು ಬಟ್ಟೆಯಲ್ಲದ ಮಾತು. ಗಂಟೆಗೊಂದು ಪ್ಯಾಡ್ ನೆನೆಯುವಂತೆ ಕೆಲವು ಗಂಟೆ ಹೋದರೆ, ಅಥವಾ ಏಳು ದಿನ ದಾಟಿದರೆ, ಡಾಕ್ಟರನ್ನು ಕಾಣಬೇಕು. ವಯಸ್ಸಿಗೆ ಸಹಜ ಎಂದು ಅತ್ತೆಯೋ ಅಕ್ಕನೋ ಹೇಳಿದರೆ ಕೇಳಬೇಡಿ, ರಕ್ತ ಕಡಿಮೆಯಾಗಿ ಮೆಟ್ಟಿಲ ಮೇಲೆ ತಲೆ ತಿರುಗಿದಾಗ ಅವರು ಜೊತೆಗಿರುವುದಿಲ್ಲ. ಮುಟ್ಟು ವರ್ಷ ಪೂರ್ತಿ ನಿಂತ ಮೇಲೆ ಒಂದು ಹನಿ ಕಂಡರೂ ತೋರಿಸಬೇಕು.

ಸೀರೆ ಬಿಡಬೇಕಾಗಿಲ್ಲ. ಹಿಂದಿನ ಕಡೆ ಸೀರೆಗೆ ಮುಂದಿನಂತೆ ನೆರಿಗೆ ಇರುವುದಿಲ್ಲ, ಸುತ್ತಿನ ಕೆಳಗೆ ಒಳಲಂಗ ಮಾತ್ರ. ತೊಂದರೆಯಾಗುವುದು ಆ ಜಾಗದಲ್ಲೇ. ಸ್ಯಾಟಿನ್ ಲಂಗ, ಬಿಗಿಯಾದ ಶೇಪರ್ ಎರಡೂ ಬೇಡ, ಕಡು ಬಣ್ಣದ ಪಾಪ್ಲಿನ್ ಲಂಗ ಹೊಲಿಸಿ, ಹಿಂಭಾಗಕ್ಕೆ ಅದೇ ಬಟ್ಟೆಯ ಎರಡನೇ ಪದರ ಸೊಂಟದಿಂದ ಮಂಡಿಯವರೆಗೆ. ಲಾಡಿಯ ಬದಲು ನಾಲ್ಕು ಬೆರಳಗಲದ ಪಟ್ಟಿ, ಬೆನ್ನ ಕಡೆ ಎಲಾಸ್ಟಿಕ್, ಪಕ್ಕಕ್ಕೆ ಎರಡು ಹುಕ್ಕು. ಹೊಟ್ಟೆ ಉಬ್ಬರಿಸಿದ ದಿನ ಲಾಡಿ ಕೊರೆದ ಗೆರೆ ನಿಮ್ಮ ಸೊಂಟದಲ್ಲೂ ಇದ್ದೀತು, ನೋಡಿಕೊಳ್ಳಿ. ಸೀರೆ ಮೆರೂನು, ಕಾಫಿ ಬಣ್ಣ, ಕಡು ಅಚ್ಚಿನದು. ಗಂಜಿ ತಿಳಿಯಾಗಿರಲಿ, ಗಟ್ಟಿ ಗಂಜಿ ಹಾಕಿದರೆ ನೇಯ್ಗೆಯ ಕಣ್ಣು ಮುಚ್ಚಿ ಗಾಳಿ ಆಡುವುದಿಲ್ಲ, ಒಣಗಿದ ಚರ್ಮಕ್ಕೆ ತುರಿಕೆ ಬೇರೆ. ಸ್ಟಾಫ್ ರೂಮಿನ ಬೀರುವಿನಲ್ಲಿ ಒಂದು ಜೊತೆ ಕಪ್ಪು ಚೂಡಿದಾರ, ಉದ್ದನೆಯ ಕುರ್ತಾ ಇಟ್ಟಿರಿ.

ಇನ್ನೊಂದು. ನಮ್ಮಜ್ಜಿ ಸೊಂಟಕ್ಕೆ ಎಲೆಅಡಿಕೆ ಸಂಚಿ ಸಿಕ್ಕಿಸಿಕೊಳ್ಳುತ್ತಿದ್ದರು, ಅದು ನೆನಪಾಗಿ ನಾನು ಒಳಲಂಗದ ಬಲಗಡೆ ಒಂದು ಜೇಬು ಇಡಲು ಶುರು ಮಾಡಿದೆ. ಆರು ಇಂಚು ಆಳ, ಒಂದು ಪ್ಯಾಡ್ ಮಡಿಸಿ ಹಿಡಿಸುತ್ತದೆ. ವ್ಯಾನಿಟಿ ಬ್ಯಾಗು ಹೆಗಲಿಗೇರಿಸಿ ಮಕ್ಕಳೆದುರು ಶೌಚಾಲಯಕ್ಕೆ ಹೋಗುವುದು ತಪ್ಪುತ್ತದೆ. ನಿಮ್ಮ ಕಡೆಯ ದರ್ಜಿ ಲಂಗಕ್ಕೇಕೆ ಜೇಬು ಎಂದು ಕೇಳಿದರೆ, ಫ್ರೀ ಬಸ್ಸಿಗೆ ಆಧಾರ್ ಕಾರ್ಡು ಇಡೋಕೆ ಎನ್ನಿ. ಅದನ್ನೂ ಇಡಬಹುದು.